ಊಲಾವ್, ಊಲೋಫ್, ಓಲಾವುರ್: ಮೂರೂ ಒಂದೇ ಹೆಸರೇ?

ಕಚೇರಿಯ ತಂಡದಲ್ಲಿ ನಾರ್ವೆಯ ಊಲಾವ್, ಸ್ವೀಡನ್ನಿನ ಊಲೋಫ್, ಐಸ್‌ಲ್ಯಾಂಡಿನ ಓಲಾವುರ್ ಎಂಬ ಮೂವರಿದ್ದಾರೆ. ಇದು ಒಂದೇ ಹೆಸರೇ, ಕ್ರೈಸ್ತರ ಹೆಸರೇ, ಈಗಲೂ ಮಕ್ಕಳಿಗೆ ಇಡುತ್ತಾರೆಯೇ ಎಂದು ಕೇಳಿದ್ದೀರಿ. ನಾನಿರುವುದು ನಾರ್ವೆಯ ಟ್ರೊಂಡ್‌ಹೈಮ್‌ನಲ್ಲಿ. ಊರಿನ ನಡುಚೌಕದ ಎತ್ತರದ ಕಂಬದ ಮೇಲೆ ಒಬ್ಬ ಊಲಾವ್ ನಿಂತಿದ್ದಾನೆ, ದೊಡ್ಡ ಚರ್ಚು ಎದ್ದಿರುವುದು ಇನ್ನೊಬ್ಬ ಊಲಾವನ ಸಮಾಧಿಯ ಮೇಲೆ. ಈ ಹೆಸರಿನಿಂದ ಇಲ್ಲಿ ತಪ್ಪಿಸಿಕೊಳ್ಳುವಂತಿಲ್ಲ.

ಹೌದು, ಮೂರೂ ಒಂದೇ. ಡೇನರ (ಡೆನ್ಮಾರ್ಕಿನವರ) ಓಲುಫ್, ಫಿನ್ಲೆಂಡಿನ ಓಲವಿ ಕೂಡ ಅದೇ. ಹಳೆಯ ನಾರ್ಡಿಕ್ ಭಾಷೆಯಲ್ಲಿ ‘ಪೂರ್ವಜ’ ಮತ್ತು ‘ಉಳಿದು ಬಂದದ್ದು’ ಎಂಬ ಎರಡು ಪದಗಳು ಕೂಡಿ ಆದ ಹೆಸರಿದು. ಹಿರಿಯರು ಬಿಟ್ಟುಹೋದ ಕುಡಿ ಎಂದು ಹೇಳಬಹುದು. ಮೊದಲ ಪದದಲ್ಲಿದ್ದ ‘ನ್’ ಧ್ವನಿ ಸ್ಕ್ಯಾಂಡಿನೇವಿಯಾದಲ್ಲಿ ಬೇಗ ಸವೆದುಹೋಯಿತು. ಆದರೆ ಅಲ್ಲಿಂದ ಕಡಲ ಮೇಲೆ ದಾಳಿಗೆ ಬರುತ್ತಿದ್ದ ವೈಕಿಂಗರ ಏಟು ತಿಂದವರ ಬರಹದಲ್ಲಿ ಅದರ ಗುರುತು ಉಳಿದಿದೆ: 937ರ ಬ್ರುನನ್‌ಬುರ್ ಕದನದಲ್ಲಿ ಸೋತ ಡಬ್ಲಿನ್ನಿನ ವೈಕಿಂಗ್ ರಾಜನನ್ನು ಇಂಗ್ಲಿಷರ ಹಳೆಯ ವೃತ್ತಾಂತ ‘ಆನ್ಲಾಫ್’ ಎಂದೇ ಕರೆಯುತ್ತದೆ. ಅಂದರೆ ಹುಟ್ಟಿನಿಂದ ಇದು ಕ್ರೈಸ್ತ ಹೆಸರಲ್ಲ. ಥೋರ್, ಓಡಿನ್ ದೇವರುಗಳನ್ನು ಪೂಜಿಸುತ್ತಿದ್ದ ಕಾಲದ್ದು.

ಅದು ಸಂತನ ಹೆಸರಾದ ಕಥೆಯೇ ಸ್ವಾರಸ್ಯ. ಕಂಬದ ಮೇಲಿರುವವನು ಊಲಾವ್ ತ್ರುಗ್ವಾಸನ್, 997ರಲ್ಲಿ ಈ ಊರು ಕಟ್ಟಿದನೆಂದು ಹೇಳಲಾಗುವ ರಾಜ. ಚರ್ಚಿಗೆ ಕಾರಣನಾದವನು ಅವನ ನಂತರದ ಊಲಾವ್ ಹರಾಲ್ಡ್ಸನ್. ಬದುಕಿದ್ದಾಗ ಇವನಲ್ಲಿ ಸಂತನ ಲಕ್ಷಣ ಹೆಚ್ಚೇನೂ ಇರಲಿಲ್ಲ, ಕತ್ತಿ ಹಿಡಿದು ಮತಾಂತರ ಮಾಡಿಸಿದವನು. ರಾಜ್ಯ ಕಳೆದುಕೊಂಡು, ಮರಳಿ ಪಡೆಯಲು ಬಂದು, 1030ರ ಜುಲೈ 29ರಂದು ಸ್ತಿಕ್ಲೆಸ್ತಾದ್‌ನಲ್ಲಿ ತನ್ನದೇ ನಾಡಿನ ರೈತರ ಸೈನ್ಯದ ಎದುರು ಸತ್ತ. ಮರುವರ್ಷ ಬಿಷಪ್ ಗ್ರಿಮ್ಕೆಲ್ ಹೆಣವನ್ನು ಹೊರತೆಗೆಸಿದಾಗ ಕೂದಲು, ಉಗುರು ಬೆಳೆದಿದ್ದವು ಎಂದು ಐಸ್‌ಲ್ಯಾಂಡಿನ ಇತಿಹಾಸಕಾರ ಸ್ನೊರ್ರಿ ಸ್ತುರ್ಲುಸೊನ್ 13ನೇ ಶತಮಾನದಲ್ಲಿ ಬರೆದಿದ್ದಾನೆ. ಸಂತನೆಂದು ಸಾರಲು ಅಷ್ಟು ಸಾಕಾಯಿತು. ಕೊಂದವರ ಮಕ್ಕಳೇ ಯಾತ್ರಿಕರಾಗಿ ಬಂದರು. ಲಂಡನ್ನಿನಲ್ಲಿ ಅವನ ಹೆಸರಿನ ಚರ್ಚುಗಳು ಎದ್ದವು, ಎಸ್ಟೋನಿಯಾದ ಟಾಲಿನ್ನಿನಲ್ಲೂ ಒಂದು ಇದೆ. ನಾರ್ವೆಯ ಲಾಂಛನದ ಸಿಂಹ ಇಂದಿಗೂ ಹಿಡಿದಿರುವುದು ಅವನ ಕೊಡಲಿ.

1537ರಲ್ಲಿ ಪ್ರೊಟೆಸ್ಟಂಟ್ ಸುಧಾರಣೆ ಬಂದು ಸಂತರ ಆರಾಧನೆ ನಿಂತಿತು, ಸಂತ ಊಲಾವನ ಅವಶೇಷಕ್ಕೆ ಮಾಡಿಸಿದ್ದ ಬೆಳ್ಳಿಯ ಪೆಟ್ಟಿಗೆಯನ್ನು ನಾರ್ವೆಯನ್ನು ಆಳುತ್ತಿದ್ದ ಡೇನರು ಕೋಪನ್‌ಹೇಗನ್‌ಗೆ ಸಾಗಿಸಿದರು. ಆಗ ದೇಶ ಬಿಟ್ಟು ಓಡಿದ ಕೊನೆಯ ಕ್ಯಾಥೊಲಿಕ್ ಆರ್ಚ್‌ಬಿಷಪ್ಪನ ಹೆಸರೇನು ಗೊತ್ತೇ? ಊಲಾವ್ ಎಂಗೆಲ್‌ಬ್ರೆಕ್ತ್ಸನ್. ಸಂತ ಹೋದರೂ ಹೆಸರು ಹೋಗಲಿಲ್ಲ. ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರು ಇಡುವ ಪದ್ಧತಿ, ನಮ್ಮಲ್ಲಿರುವಂತೆಯೇ, ಇಲ್ಲಿಯ ರೈತರಲ್ಲೂ ಬಲವಾಗಿತ್ತು. ತೋಟದ ಮನೆಗಳಲ್ಲಿ ಅಜ್ಜನಿಂದ ಮೊಮ್ಮಗನಿಗೆ ಹೆಸರು ದಾಟುತ್ತಾ ಬಂತು. ‘ಊಲಾ’ ಎಂದು ಮೊಟಕಾಗಿ, ಊಲಾನ ಮಗ ‘ಊಲ್ಸೆನ್’ ಆದ. ಇಂದು ನಾರ್ವೆಯ ಸಾಮಾನ್ಯ ಪ್ರಜೆಗೆ ಪತ್ರಿಕೆಗಳು ಇಟ್ಟಿರುವ ಹೆಸರು ‘ಊಲಾ ನೂರ್‌ಮನ್’.

ಈ ಹಳ್ಳಿಗಾಡಿನ ಹೆಸರಿಗೆ ಮತ್ತೆ ಕಿರೀಟ ಬಂದದ್ದು 1905ರಲ್ಲಿ. ಸ್ವೀಡನ್ನಿನಿಂದ ಬೇರೆಯಾದ ನಾರ್ವೆ ಡೆನ್ಮಾರ್ಕಿನ ರಾಜಕುಮಾರ ಕಾರ್ಲ್‌ನನ್ನು ರಾಜನನ್ನಾಗಿ ಕರೆತಂದಿತು. ಅವನು ಹೋಕೋನ್ ಆದ. ಇಂಗ್ಲೆಂಡಿನಲ್ಲಿ ಹುಟ್ಟಿದ ಎರಡು ವರ್ಷದ ಮಗ ಅಲೆಕ್ಸಾಂಡರ್ ರಾತ್ರೋರಾತ್ರಿ ಊಲಾವ್ ಆದ. ಶುದ್ಧ ರಾಜಕೀಯ, ಆದರೆ ಆ ಹುಡುಗ ಹೆಸರನ್ನು ಉಳಿಸಿಕೊಂಡ: 1928ರ ಒಲಿಂಪಿಕ್ಸ್‌ನಲ್ಲಿ ಹಾಯಿದೋಣಿ ಸ್ಪರ್ಧೆಯ ಚಿನ್ನ ಗೆದ್ದ, 1957ರಿಂದ 1991ರವರೆಗೆ ಆಳಿದ, 1973ರ ತೈಲ ಬಿಕ್ಕಟ್ಟಿನಲ್ಲಿ ಕಾರು ಬಿಟ್ಟು ಸ್ಕೀ ಹಿಡಿದು ಎಲ್ಲರಂತೆ ರೈಲು ಹತ್ತಿದ. ಆ ಫೋಟೊ ನಾರ್ವೆಯವರಿಗೆಲ್ಲ ಗೊತ್ತು.

ಈಗಿನ ಮಕ್ಕಳಿಗೆ? ಇಡುತ್ತಾರೆ, ಆದರೆ ಅಜ್ಜಂದಿರ ಹೆಸರೆಂಬ ಭಾವನೆ ಇದೆ. ‘ಫ್ರೋಜನ್’ ಎಂಬ ಚಿಣ್ಣರ ಸಿನಿಮಾದ ಹಿಮದ ಗೊಂಬೆಗೆ ಇದನ್ನೇ ಇಟ್ಟದ್ದರಿಂದ ಉಪಕಾರವಾಯಿತೋ ಅಪಕಾರವಾಯಿತೋ, ಪುಟ್ಟ ಊಲಾವ್‌ಗಳನ್ನೇ ಕೇಳಬೇಕು. ಸ್ವೀಡನ್ನಿನಲ್ಲಿ ಊಲೋಫ್ ಹೆಚ್ಚಾಗಿ ಎರಡನೆಯ, ಮೂರನೆಯ ಹೆಸರಾಗಿ ಬರುತ್ತದೆ. 2016ರಲ್ಲಿ ಹುಟ್ಟಿದ ರಾಜಕುಮಾರನ ಹೆಸರು ಓಸ್ಕರ್ ಕಾರ್ಲ್ ಊಲೋಫ್.

ನಿಮಗೆ ಕೆಲಸಕ್ಕೆ ಬರುವ ಮಾತೂ ಅಲ್ಲೇ ಇದೆ. ಸ್ವೀಡನ್ನಿನಲ್ಲಿ ಕರೆಯುವ ಹೆಸರು ಮೊದಲನೆಯದೇ ಆಗಿರಬೇಕಿಲ್ಲ. 1986ರಲ್ಲಿ ಕೊಲೆಯಾದ ಪ್ರಧಾನಿ ಊಲೋಫ್ ಪಾಲ್ಮೆ ದಾಖಲೆಯಲ್ಲಿ ಸ್ವೆನ್ ಊಲೋಫ್ ಯೋಆಕಿಮ್. ಓಸ್ಕರ್‌ನ ತಂದೆ ದಾನಿಯೆಲ್ ದಾಖಲೆಯಲ್ಲಿ ಊಲೋಫ್ ದಾನಿಯೆಲ್. ಹಾಗಾಗಿ ಪಾಸ್‌ಪೋರ್ಟ್ ನೋಡಿ ಟಿಕೆಟ್ ಮಾಡಿಸಿ, ಕರೆಯುವುದನ್ನು ಅವರನ್ನೇ ಕೇಳಿ. ಉಚ್ಚಾರಣೆಯಲ್ಲಿ ನಾರ್ವೆ, ಸ್ವೀಡನ್ನಿನವರಿಗೆ ‘ಊ’, ಐಸ್‌ಲ್ಯಾಂಡಿನವರಿಗೆ ಮಾತ್ರ ‘ಓ’. ಈ ಮೂರನೆಯವರ ಹೆಸರಿನ ಕೊನೆಯಲ್ಲಿರುವುದು ಬಹುತೇಕ ತಂದೆಯ ಹೆಸರೇ ಹೊರತು ಮನೆತನದ್ದಲ್ಲ. ‘ಮಿಸ್ಟರ್’ ಸೇರಿಸಿ ಅದನ್ನು ಕರೆಯಬೇಡಿ, ಬರೀ ಓಲಾವುರ್ ಎನ್ನಿ. ಅಲ್ಲಿ ರಾಷ್ಟ್ರಪತಿಯನ್ನೂ ಹಾಗೆಯೇ ಕರೆಯುತ್ತಾರೆ.