ಎಂಜಿನ್ ಹೊರಗಿರುವಾಗಲೇ ಡ್ರೈವ್ ನೋಡಿಕೊಳ್ಳಿ

ಪ್ರಶ್ನೆ: ನಾವು ಅಮೆರಿಕದ ಮಿಶಿಗನ್‌ನಲ್ಲಿದ್ದೇವೆ. ನಮ್ಮ 1998ರ ಬೋಟ್‌ನಲ್ಲಿ ಮರ್ಕ್ರೂಸರ್ 4.3 ಲೀಟರ್ ವಿ6 ಎಂಜಿನ್, ಆಲ್ಫಾ ಒನ್ ಜೆನ್ 2 ಸ್ಟರ್ನ್‌ಡ್ರೈವ್ ಇದೆ. ಚಳಿಗಾಲದಲ್ಲಿ ನೀರು ಪೂರ್ತಿ ಬಸಿಯದೆ ಒಳಗೇ ಹೆಪ್ಪುಗಟ್ಟಿ ಎಂಜಿನ್ ಬ್ಲಾಕ್ ಸೀಳಿತು. ಅದೇ ಅಳತೆಯ ಇನ್ನೊಂದು ಎಂಜಿನ್ ಸಿಕ್ಕಿದೆ. ಡ್ರೈವ್ ಚೆನ್ನಾಗಿಯೇ ಓಡುತ್ತಿತ್ತು, ಬೋಟ್ ತಿರುಗಿಸುವಾಗ ಮಾತ್ರ ಗುರ್ರೆನ್ನುತ್ತಿತ್ತು. ಎಂಜಿನ್ ಇಳಿಸಿದ ಮೇಲೆ ಡ್ರೈವ್ ಹಾಗೇ ಜೋಡಿಸಬಹುದೆ?

ಉತ್ತರ: ಹಾಗೇ ಜೋಡಿಸಬೇಡಿ. ತಿರುವಿನಲ್ಲಿ ಮಾತ್ರ ಬರುವ ಆ ಸದ್ದು ಗಿಂಬಲ್ ಬೇರಿಂಗ್‌ನದೋ (ಹಿಂಗೋಡೆಯ ಬಳಿ ಡ್ರೈವ್‌ನ ಶಾಫ್ಟನ್ನು ಹಿಡಿದಿರುವ ಬೇರಿಂಗ್) ಯು-ಜಾಯಿಂಟ್‌ನದೋ (ಶಾಫ್ಟ್ ಬಾಗಿದಾಗಲೂ ತಿರುಗಲು ಬಿಡುವ ಕೀಲು) ಆಗಿರುತ್ತದೆ. ಎರಡೂ ಕೆಡುವುದು ಸಾಮಾನ್ಯವಾಗಿ ರಬ್ಬರ್ ಬೆಲ್ಲೋಸ್ (ಮಡಿಕೆ ಮಡಿಕೆಯಾದ ಕೊಳವೆ) ಬಿರುಕು ಬಿಟ್ಟು ನೀರು ಒಳಹೊಕ್ಕಾಗ. ಮಲ್ಪೆ, ಗಂಗೊಳ್ಳಿಯ ನಾಡದೋಣಿಗಳ ಔಟ್‌ಬೋರ್ಡ್‌ನಲ್ಲಿ ಎಂಜಿನ್, ಗೇರ್, ಪ್ರೊಪೆಲ್ಲರ್ ಎಲ್ಲ ಒಂದೇ ತುಂಡಾಗಿ ಹೊರಗೆ ತೂಗುತ್ತವೆ. ಸ್ಟರ್ನ್‌ಡ್ರೈವ್‌ನಲ್ಲಿ ಎಂಜಿನ್ ಬೋಟಿನೊಳಗೆ, ಗೇರ್ ಹೊರಗೆ. ನಡುವೆ ಹಿಂಗೋಡೆಯಲ್ಲಿ ದೊಡ್ಡದೊಂದು ತೂತು. ಆ ತೂತಿನಿಂದ ನೀರು ನುಗ್ಗದಂತೆ ತಡೆಯುವುದು ಈ ಬೆಲ್ಲೋಸ್. ಅದು ಹರಿದರೆ ಬೇರಿಂಗ್ ಹೋಗುವುದಷ್ಟೇ ಅಲ್ಲ, ಕಟ್ಟಿಹಾಕಿದ ಬೋಟ್ ನಿಂತಲ್ಲೇ ಮುಳುಗಲೂಬಹುದು.

ಡ್ರೈವ್‌ನ ಶಾಫ್ಟ್ ಎಂಜಿನ್ ಹಿಂದಿನ, ಒಳಗೆ ಹಲ್ಲುಗಳಿರುವ ಕಪ್ಲರ್‌ನೊಳಗೆ ಕೂತಿರುವುದರಿಂದ ಮೊದಲು ಇಳಿಯಬೇಕಾದದ್ದು ಡ್ರೈವ್. ಅದಕ್ಕೂ ಮುನ್ನ ಗೇರ್ ಆಯಿಲ್ ಬಸಿದು ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ಸೀಲ್ ಮೂಲಕ ನೀರು ಸೇರಿದೆ ಎಂದೇ ಅರ್ಥ. ಕೆಳಗಿನ ಪ್ಲಗ್‌ನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆಯ ಪುಡಿ ಅಂಟಿರುವುದು ಸಹಜ. ಚೂರುಗಳು ಕೈಗೆ ಚುಚ್ಚಿದರೆ ಗೇರೋ ಬೇರಿಂಗೋ ಒಡೆಯುತ್ತಿದೆ, ಡ್ರೈವ್ ಪೂರ್ತಿ ಬಿಚ್ಚಿಸಬೇಕು. ಆಲ್ಫಾ ಡ್ರೈವ್ ತೆಗೆಯುವಾಗಲೂ ಕೂರಿಸುವಾಗಲೂ ಲಿವರ್ ಫಾರ್ವರ್ಡ್ ಗೇರ್‌ನಲ್ಲೇ ಇರಬೇಕು. ಇಲ್ಲದಿದ್ದರೆ ಶಿಫ್ಟ್ ಕೊಂಡಿಗಳು ಸಿಕ್ಕಿಕೊಂಡು ಮುರಿಯುತ್ತವೆ. ಡ್ರೈವನ್ನು ಮೇಲೆ ಕೆಳಗೆ ಬಾಗಿಸುವ ಟ್ರಿಮ್ ಸಿಲಿಂಡರ್‌ಗಳ ಹಿಂದಿನ ಪಿನ್ ತೆಗೆದು ಅವನ್ನು ಮೇಲಕ್ಕೆ ಕಟ್ಟಿ, ಆರು ನಟ್ ಬಿಚ್ಚಿ, ಇಬ್ಬರು ಹಿಡಿದು ನೇರ ಹಿಂದಕ್ಕೆ ಎಳೆಯಿರಿ.

ಈಗ ಗಿಂಬಲ್ ಬೇರಿಂಗ್‌ನ ಒಳಬಳೆಗೆ ಬೆರಳು ಹಾಕಿ ತಿರುಗಿಸಿ. ಎಣ್ಣೆಯಲ್ಲಿ ಜಾರಿದಂತೆ ತಿರುಗಿದರೆ ಸರಿ. ಮರಳು ಸಿಕ್ಕಿದಂತೆ ಕರಕರ ಎಂದರೆ ಬದಲಿಸಿ. ತೆಗೆಯಲು ಸ್ಲೈಡ್ ಹ್ಯಾಮರ್ ಇರುವ ಪುಲ್ಲರ್ ಬೇಕು. ಹೊಸದನ್ನು ಕೂರಿಸುವಾಗ ಬೇರಿಂಗ್‌ನ ಗ್ರೀಸ್ ತೂತು ಹೌಸಿಂಗ್‌ನ ಗ್ರೀಸ್ ತೂತಿಗೆ ಸರಿಯಾಗಿ ಬರಲಿ. ಹಾಗಾಗದಿದ್ದರೆ ಹೊರಗಿನ ನಿಪ್ಪಲ್‌ನಿಂದ ಎಷ್ಟು ಗ್ರೀಸ್ ಹೊಡೆದರೂ ಒಳಗೆ ತಲುಪುವುದಿಲ್ಲ. ಯು-ಜಾಯಿಂಟ್ ಎರಡನ್ನೂ ನಾಲ್ಕು ದಿಕ್ಕಿಗೂ ಬಾಗಿಸಿ. ಎಲ್ಲಿಯಾದರೂ ತಡೆದು ಮುಂದೆ ಹೋದರೆ, ತುಕ್ಕಿನ ಕೆಂಪು ಪುಡಿ ಉದುರಿದರೆ, ಅವೂ ಹೋಗಿವೆ.

ಬೆಲ್ಲೋಸ್ ಮಡಿಕೆಗಳನ್ನು ಕೈಯಿಂದ ಅಗಲಿಸಿ ತಳದಲ್ಲಿ ನೋಡಿ, ಕೂದಲೆಳೆಯಂಥ ಬಿರುಕು ಅಲ್ಲೇ ಇರುತ್ತದೆ. ನಮ್ಮ ಸಲಹೆ: ನೋಡುವುದಕ್ಕೇ ನಿಲ್ಲಬೇಡಿ, ಬೆಲ್ ಹೌಸಿಂಗ್ (ಡ್ರೈವ್ ಬಂದು ಕೂರುವ ಚೌಕಟ್ಟು) ಬಿಚ್ಚಿ ಯು-ಜಾಯಿಂಟ್ ಬೆಲ್ಲೋಸ್, ಶಿಫ್ಟ್ ಕೇಬಲ್ ಬೆಲ್ಲೋಸ್, ಎಕ್ಸಾಸ್ಟ್ ಬೆಲ್ಲೋಸ್, ನೀರಿನ ಹೋಸ್, ಕೆಳಗಿನ ಶಿಫ್ಟ್ ಕೇಬಲ್ ಇವಿಷ್ಟನ್ನೂ ಒಟ್ಟಿಗೇ ಬದಲಿಸಿ. ಬೆಲ್ ಹೌಸಿಂಗ್‌ನ ಎರಡು ಹಿಂಜ್ ಪಿನ್‌ಗಳಿಗೆ ಅದಕ್ಕೆಂದೇ ಮಾಡಿದ ಟೂಲ್ ಬಳಸಿ. ಸಿಕ್ಕಿದ ಆಲೆನ್ ಕೀ ತೂರಿಸಿದರೆ ಪಿನ್ನಿನ ತಲೆ ಸವೆದು ಕೆಲಸ ಇಮ್ಮಡಿಯಾಗುತ್ತದೆ. ಯು-ಜಾಯಿಂಟ್ ಬೆಲ್ಲೋಸ್ ಕೂರುವ ಅಂಚನ್ನು ವೈರ್ ಬ್ರಷ್‌ನಿಂದ ಉಜ್ಜಿ, ಬೆಲ್ಲೋಸ್ ಅಂಟು ಹಚ್ಚಿ, ಆಮೇಲೆ ಕ್ಲ್ಯಾಂಪ್ ಬಿಗಿಯಿರಿ. ಅಲ್ಲಿ ಗ್ರೀಸ್ ಹಚ್ಚಿದರೆ ಒಂದು ದಿನ ಜಾರಿ ಹೊರಬರುತ್ತದೆ.

ಆಲ್ಫಾ ಡ್ರೈವ್‌ನಲ್ಲಿ ಎಂಜಿನ್‌ಗೆ ನೀರು ಎತ್ತುವ ಪಂಪ್ ಇರುವುದು ಡ್ರೈವ್‌ನೊಳಗೆ, ಕೆಳಭಾಗದ ನೆತ್ತಿಯ ಮೇಲೆ. ಹೊಸ ಎಂಜಿನ್‌ಗೆ ಹಳೆಯ ಇಂಪೆಲ್ಲರ್ (ಪಂಪ್‌ನೊಳಗಿನ ರಬ್ಬರ್ ರೆಕ್ಕೆಗಳ ಚಕ್ರ) ಬೇಡವೇ ಬೇಡ. ಹಳೆಯದರಲ್ಲಿ ರೆಕ್ಕೆ ಮುರಿದಿದ್ದರೆ ಆ ತುಂಡು ಎಲ್ಲಿ ಹೋಯಿತೆಂದು ಹುಡುಕಿ. ಅದು ನೀರಿನ ದಾರಿಯಲ್ಲೇ ಸಿಕ್ಕಿಕೊಂಡಿರುತ್ತದೆ, ಹೆಚ್ಚಾಗಿ ಹೋಸ್‌ನಲ್ಲಿ ಇಲ್ಲವೇ ಥರ್ಮೋಸ್ಟಾಟ್ ಹೌಸಿಂಗ್‌ನಲ್ಲಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು ಅಲೈನ್‌ಮೆಂಟ್, ಅಂದರೆ ಎಂಜಿನ್ನೂ ಡ್ರೈವ್‌ನ ಶಾಫ್ಟೂ ಒಂದೇ ಗೆರೆಯಲ್ಲಿ ಕೂರುವುದು. ಎಂಜಿನ್ನನ್ನು ಹೊರುವ ಮೌಂಟ್‌ಗಳಲ್ಲಿ ಹಿಂದಿನ ಎರಡು ಹಿಂಗೋಡೆಯ ಪ್ಲೇಟ್ ಮೇಲೆ ಕೂರುತ್ತವೆ, ಅಲ್ಲಿ ಹೊಂದಿಸಿಕೊಳ್ಳಲು ಆಗುವುದಿಲ್ಲ. ಫೈಬರ್ ವಾಷರ್, ಸ್ಪ್ರಿಂಗ್ ವಾಷರ್ ಇದ್ದ ಜಾಗದಲ್ಲೇ ಇಟ್ಟು 38 ಪೌಂಡ್-ಅಡಿಗೆ (51 ನ್ಯೂಟನ್ ಮೀಟರ್) ಬಿಗಿಯಿರಿ. ಎತ್ತರ ಸರಿಮಾಡುವುದು ಮುಂದಿನ ಮೌಂಟ್‌ಗಳಲ್ಲಿ. ಅಲೈನ್‌ಮೆಂಟ್ ಬಾರ್‌ನ (ಶಾಫ್ಟ್‌ನ ಬದಲು ತೂರಿಸಿ ನೋಡುವ ನೇರ ಸರಳು) ತುದಿಗೆ ಗ್ರೀಸ್ ಹಚ್ಚಿ ಗಿಂಬಲ್ ಬೇರಿಂಗ್ ಮೂಲಕ ಕಪ್ಲರ್‌ಗೆ ತೂರಿಸಿ. ಬೇರಿಂಗ್ ಓರೆಯಾಗಿದ್ದರೆ ಬಾರ್‌ನ ಪಕ್ಕಕ್ಕೆ ಮೆಲ್ಲಗೆ ತಟ್ಟಿದಾಗ ನೆಟ್ಟಗಾಗುತ್ತದೆ. ಬಾರ್ ಎರಡೇ ಬೆರಳಿನ ಬಲಕ್ಕೆ ಸರಾಗವಾಗಿ ಹೋಗಿ ಬರಬೇಕು. ಹೊರತೆಗೆದು ಗ್ರೀಸ್ ನೋಡಿ: ಕಪ್ಲರ್‌ನ ಹಲ್ಲಿನ ಗುರುತು ಸುತ್ತಲೂ ಸಮನಾಗಿ ಬಿದ್ದಿರಬೇಕು. ಮೇಲೋ ಕೆಳಗೋ ಒಂದೇ ಕಡೆ ಬಿದ್ದಿದ್ದರೆ ಮುಂದಿನ ಎರಡೂ ಮೌಂಟ್‌ಗಳನ್ನು ಸಮವಾಗಿ ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿ. ಸರಿಯಾಯಿತು ಎನಿಸಿದ ಮೇಲೂ ಎಂಜಿನ್ನನ್ನು ಕೈಯಿಂದ ಕಾಲು ಸುತ್ತು ತಿರುಗಿಸಿ ಮತ್ತೊಮ್ಮೆ ತೂರಿಸಿ. ಇದಕ್ಕೆ ಅರ್ಧ ದಿನ ಹಿಡಿದರೂ ಹಿಡಿಯಲಿ. ಅಲೈನ್‌ಮೆಂಟ್ ತಪ್ಪಿದರೆ ಕಪ್ಲರ್‌ನ ಹಲ್ಲು ಸವೆಯುತ್ತದೆ, ಆಮೇಲೆ ಅದೊಂದನ್ನು ಬದಲಿಸಲು ಇಡೀ ಎಂಜಿನ್ ಮತ್ತೆ ಮೇಲೆತ್ತಬೇಕು.

ಡ್ರೈವ್ ಕೂರಿಸುವಾಗ ಹೊಸ ಗ್ಯಾಸ್ಕೆಟ್, ಹೊಸ ಓ-ರಿಂಗ್ ಹಾಕಿ, ಶಾಫ್ಟ್‌ನ ಹಲ್ಲಿಗೆ ಕಪ್ಲರ್ ಗ್ರೀಸ್ ಹಚ್ಚಿ. ಹಲ್ಲು ಹೊಂದದಿದ್ದರೆ ಪ್ರೊಪೆಲ್ಲರನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ಸ್ವಲ್ಪ ತಿರುಗಿಸಿ. ಕೊನೆಯ ಒಂದಿಂಚು ನಟ್ ಬಿಗಿದು ಎಳೆದುಕೊಳ್ಳುವ ಆಸೆಗೆ ಬೀಳಬೇಡಿ, ಡ್ರೈವ್ ಕೈಬಲದಲ್ಲೇ ಪೂರ್ತಿ ಕೂರಬೇಕು. ಆಮೇಲೆ ಆರೂ ನಟ್‌ಗಳನ್ನು 50 ಪೌಂಡ್-ಅಡಿಗೆ (68 ನ್ಯೂಟನ್ ಮೀಟರ್) ಬಿಗಿಯಿರಿ. ಗೇರ್ ಆಯಿಲ್ ಕೆಳಗಿನಿಂದ ಪಂಪ್ ಮಾಡಿ ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದೆ ಬರುವ ತನಕ ತುಂಬಿಸಿ. ಎಂಜಿನ್ ಪಕ್ಕದ ಆಯಿಲ್ ಬಾಟಲಿಯೂ ಸೇರಿ ಸುಮಾರು 1.9 ಲೀಟರ್ ಹಿಡಿಯುತ್ತದೆ.

ಪ್ರಶ್ನೆ: 4.3ರ ಜಾಗದಲ್ಲಿ 5.7 ಲೀಟರ್ ವಿ8 ಹಾಕಿದರೆ ಅದೇ ಡ್ರೈವ್ ನಡೆಯುತ್ತದೆಯೆ?

ಉತ್ತರ: ಕೂರುತ್ತದೆ, ಎರಡೂ ಒಂದೇ ಶೆವರ್ಲೆ ವಂಶದ ಎಂಜಿನ್‌ಗಳು. ತೊಡಕಿರುವುದು ಗೇರ್ ಅನುಪಾತದಲ್ಲಿ. 4.3ಕ್ಕೆ ಬರುವ ಆಲ್ಫಾ ಡ್ರೈವ್‌ನ ಅನುಪಾತ 1.81, 5.7ಕ್ಕೆ ಬರುವುದು 1.50. ಎಂಜಿನ್ ನಿಮಿಷಕ್ಕೆ 4600 ಸುತ್ತಿನಲ್ಲಿದ್ದಾಗ ಮೊದಲನೆಯದರಲ್ಲಿ ಪ್ರೊಪೆಲ್ಲರ್ ಸುಮಾರು 2540 ಸುತ್ತು, ಎರಡನೆಯದರಲ್ಲಿ ಸುಮಾರು 3070 ಸುತ್ತು ತಿರುಗುತ್ತದೆ. ಹಳೆಯ ಡ್ರೈವ್ ಉಳಿಸಿಕೊಂಡರೆ 19 ಪಿಚ್ (ಪ್ರೊಪೆಲ್ಲರ್ ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಸಾಗುವ ಇಂಚು) ಮಾಡುತ್ತಿದ್ದ ಕೆಲಸಕ್ಕೆ 23 ಪಿಚ್ ಬೇಕಾಗುತ್ತದೆ. ಇಲ್ಲದಿದ್ದರೆ ಎಂಜಿನ್ ಮಿತಿ ಮೀರಿ ಓಡುತ್ತದೆ. ವಿ8 ಸುಮಾರು 11 ಸೆಂಟಿಮೀಟರ್ ಉದ್ದವೂ ಇರುವುದರಿಂದ ಮುಂದಿನ ಮೌಂಟ್‌ಗಳ ಜಾಗ ಬದಲಾಗುತ್ತದೆ. ಫ್ಲೈವೀಲ್ (ಎಂಜಿನ್ ಹಿಂದಿನ ಭಾರದ ಚಕ್ರ) ವಿಚಾರದಲ್ಲಿ ಎಚ್ಚರ: 1986ರಿಂದ ಈಚಿನ 5.7ರಲ್ಲಿ ಹಿಂದಿನ ಸೀಲ್ ಒಂದೇ ತುಂಡು, ಫ್ಲೈವೀಲ್‌ನ ಬೋಲ್ಟ್ ವೃತ್ತ 3 ಇಂಚು, ಸಮತೋಲನದ ಭಾರವೂ ಅದರ ಮೇಲೇ ಇದೆ. ಅದಕ್ಕೂ ಹಿಂದಿನದಕ್ಕೆ 3.58 ಇಂಚು. ಒಂದರದು ಇನ್ನೊಂದಕ್ಕೆ ಆಗದು.

ಪ್ರಶ್ನೆ: ಎಂಜಿನ್ ಬದಲಿಸಿದ ಮೇಲೆ ಗೇರ್ ಬಿಡಿಸಲು ಹೋದರೆ ಲಿವರ್ ಬಿಗಿ, ಒಮ್ಮೊಮ್ಮೆ ಎಂಜಿನ್ನೇ ನಿಂತುಬಿಡುತ್ತದೆ. (ಆಲ್ಫಾ ಒನ್)

ಉತ್ತರ: ಆಲ್ಫಾದಲ್ಲಿ ಗೇರ್ ಬಿಡಿಸುವ ಕ್ಷಣಕ್ಕೆ ಇಗ್ನಿಷನ್ ಕಡಿದು ಹಲ್ಲಿನ ಮೇಲಿನ ಒತ್ತಡ ಇಳಿಸುವ ಸ್ವಿಚ್ ಒಂದಿದೆ. ಹೊಸ ಎಂಜಿನ್‌ಗೆ ಅದರ ವೈರ್ ಜೋಡಿಸದಿದ್ದರೆ ಲಿವರ್ ಬಿಗಿಯಾಗುತ್ತದೆ. ವೈರ್ ಸರಿಯಿದ್ದೂ ಎಂಜಿನ್ ನಿಂತರೆ ಕೆಳಗಿನ ಶಿಫ್ಟ್ ಕೇಬಲ್ ಒಳಗೆ ತುಕ್ಕು ಹಿಡಿದು ಸ್ವಿಚ್ಚನ್ನು ಒತ್ತಿಯೇ ಇಟ್ಟುಕೊಂಡಿದೆ. ಆ ಕೇಬಲ್ ಬದಲಿಸಿ. ಸ್ವಿಚ್ ಕಿತ್ತುಹಾಕಿ ಓಡಿಸಿದರೆ ಕ್ಲಚ್ ಹಲ್ಲು ಸವೆಯುತ್ತದೆ.

ಪ್ರಶ್ನೆ: ಫ್ಲೋರಿಡಾದಲ್ಲಿ ಉಪ್ಪುನೀರಿನಲ್ಲಿ ಓಡಿಸುತ್ತೇವೆ. ಸಿಲಿಂಡರ್‌ಗೆ ನೀರು ಹೋಗಿ ಎಂಜಿನ್ ಕೆಟ್ಟಿತು. ಹಳೆಯ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸುವ ಕೊಳವೆ) ನೋಡಲು ಚೆನ್ನಾಗಿದೆ, ಬಳಸಬಹುದೆ?

ಉತ್ತರ: ಬೇಡ. ಬಹುಪಾಲು ಅದೇ ನಿಮ್ಮ ಎಂಜಿನ್ನನ್ನು ಕೊಂದಿರುವುದು. ಎರಕದ ಕಬ್ಬಿಣವನ್ನು ಉಪ್ಪುನೀರು ಒಳಗಿನಿಂದ ತಿನ್ನುತ್ತದೆ, ಹೊರಗಿನ ಬಣ್ಣ ಹೊಸದರಂತೆಯೇ ಇರುತ್ತದೆ. ಮ್ಯಾನಿಫೋಲ್ಡ್ ಮೇಲೆ ಕೂರುವ ರೈಸರ್ ಎಂಬ ಬಾಗಿದ ಕೊಳವೆ ಬಿಚ್ಚಿ ಜೋಡಣೆಯ ಮುಖ ನೋಡಿ. ನೀರಿನ ತೂತಿನಿಂದ ಎಕ್ಸಾಸ್ಟ್ ತೂತಿನವರೆಗೆ ತುಕ್ಕಿನ ಗೆರೆ ಹರಿದಿದ್ದರೆ ನೀರು ಆ ದಾರಿಯಲ್ಲೇ ಬಂದಿದೆ. ಉಪ್ಪುನೀರಿನಲ್ಲಿ ಮ್ಯಾನಿಫೋಲ್ಡ್, ರೈಸರ್‌ಗಳನ್ನು ಐದಾರು ವರ್ಷಕ್ಕೊಮ್ಮೆ ಬದಲಿಸುವ ವಸ್ತುಗಳೆಂದೇ ಲೆಕ್ಕ ಹಾಕಿ. ಡ್ರೈವ್‌ನ ಆನೋಡ್‌ಗಳನ್ನೂ (ಡ್ರೈವ್‌ನ ಲೋಹದ ಬದಲು ತಾವು ಕರಗುವ ತುಂಡುಗಳು) ಪರೀಕ್ಷಿಸಿ, ಅರ್ಧದಷ್ಟು ಕರಗಿದ್ದರೆ ಹೊಸದು ಹಾಕಿ. ಸಿಹಿನೀರಿಗೆಂದು ಮಾಡಿದ ಮೆಗ್ನೀಸಿಯಂ ಆನೋಡ್ ನಿಮ್ಮ ನೀರಿಗೆ ಹೊಂದದು.