ವ್ಯಸನಮುಕ್ತಿ ಕೇಂದ್ರದ ಸಿಬ್ಬಂದಿಯನ್ನು ಒಬ್ಬೊಬ್ಬರನ್ನು ಒಂದೊಂದು ರೀತಿ ನಡೆಸಿದರೆ ಪಕ್ಷಪಾತ ಆಗುತ್ತದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ದಾವಣಗೆರೆ ಹತ್ತಿರ ನಿಮ್ಮ ಕ್ರೈಸ್ತ ಸಭೆ (ಚರ್ಚ್) ನಡೆಸುವ ಕುಡಿತ ಬಿಡಿಸುವ ಕೇಂದ್ರದ ಜವಾಬ್ದಾರಿ ಹೊಸದಾಗಿ ನಿಮ್ಮ ಮೇಲೆ ಬಂದಿದೆ. ಆರು ಜನ ಸಿಬ್ಬಂದಿ ಇದ್ದಾರೆ. ಇಬ್ಬರು ಅಲ್ಲೇ ಸೇರಿ ಕುಡಿತ ಬಿಟ್ಟವರು. ಒಬ್ಬರು ನಿಮಗಿಂತ ತುಂಬಾ ದೊಡ್ಡವರು, ಸಭೆಯ ಹಿರಿಯರು. ಒಬ್ಬ ಹುಡುಗಿ ಈಗಷ್ಟೇ ಎಂ.ಎಸ್.ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿದ್ದಾಳೆ. ಅಡುಗೆಯ ಅಮ್ಮ ಮತ್ತು ಡ್ರೈವರ್ ಕ್ರೈಸ್ತರಲ್ಲ. ಒಬ್ಬೊಬ್ಬರ ಜೊತೆ ಒಂದೊಂದು ತರ ನಡೆದುಕೊಂಡರೆ ಪಕ್ಷಪಾತ ಅನ್ನುತ್ತಾರೆ. ಎಲ್ಲರ ಜೊತೆ ಒಂದೇ ತರ ಇದ್ದರೆ ಕೆಲಸ ಕೆಡುತ್ತದೆ. ಏನು ಮಾಡಲಿ ಅಂತ ಕೇಳಿದ್ದೀರಿ.

ಚಿತ್ರದುರ್ಗದಲ್ಲಿ ಇಂಥದೇ ಒಂದು ಮನೆಯನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಒಬ್ಬೊಬ್ಬರ ಜೊತೆ ಒಂದೊಂದು ತರವೇ ನಡೆದುಕೊಳ್ಳಿ, ಅದರಲ್ಲಿ ತಪ್ಪಿಲ್ಲ. ಆದರೆ ವ್ಯತ್ಯಾಸ ಮಾಡುವಾಗ 'ಇವನು ಎಂಥವನು' ಅಂತ ಕೇಳಿಕೊಳ್ಳಬೇಡಿ. 'ಈ ಕೆಲಸದಲ್ಲಿ, ಈ ವಾರ, ಇವನಿಗೆ ನನ್ನಿಂದ ಏನು ಬೇಕು' ಅಂತ ಕೇಳಿಕೊಳ್ಳಿ. ಮನುಷ್ಯರನ್ನು ನಂಬಿಕಸ್ತರು, ನಂಬಿಕಸ್ತರಲ್ಲದವರು ಅಂತ ಎರಡು ಗುಂಪು ಮಾಡಿದ ದಿನವೇ ಪಕ್ಷಪಾತ ಶುರುವಾಗುತ್ತದೆ.

ನಮ್ಮಲ್ಲಿ ರಾತ್ರಿ ಪಾಳಿ ನೋಡುವ ಒಬ್ಬರಿದ್ದಾರೆ. ಹಿಂದೆ ಬಹಳ ಕುಡಿಯುತ್ತಿದ್ದವರು. ಹೊಸದಾಗಿ ಸೇರಿದವನು ಕೈ ನಡುಗುತ್ತಾ, ಬೆವರುತ್ತಾ, ಮನೆಗೆ ಹೋಗ್ತೀನಿ ಅಂತ ಗಲಾಟೆ ಮಾಡುವಾಗ ಅವರು ಪಕ್ಕದಲ್ಲಿ ಕೂತರೆ ಸಾಕು, ಅವನು ತಣ್ಣಗಾಗುತ್ತಾನೆ. ಆ ಕೆಲಸದಲ್ಲಿ ಅವರಿಗೆ ನಾನು ಏನೂ ಹೇಳಿಕೊಡುವುದಿಲ್ಲ, ಕೇಳುವುದೂ ಇಲ್ಲ. ಆದರೆ ಮಾತ್ರೆ ಕೊಟ್ಟ ಹೊತ್ತು, ಬಿಪಿ, ಊಟ ಮಾಡಿದನೋ ಇಲ್ಲವೋ ಎಂಬುದನ್ನು ರಿಜಿಸ್ಟರ್‌ನಲ್ಲಿ ಬರೆಯುವ ಕೆಲಸದಲ್ಲಿ ಅವರು ಇನ್ನೂ ಹೊಸಬರು. ಅಲ್ಲಿ ಪಕ್ಕದಲ್ಲೇ ನಿಂತು, ಇದನ್ನು ಇಲ್ಲಿ ಹೀಗೆ ಬರೀರಿ ಅಂತ ತೋರಿಸುತ್ತೇನೆ. ಒಂದೇ ರಾತ್ರಿ, ಒಬ್ಬರೇ ಮನುಷ್ಯ, ನಾನು ಎರಡು ರೀತಿ. ಅವರಿಗೆ ಅದು ಅವಮಾನ ಅನ್ನಿಸಿಲ್ಲ, ಯಾಕೆಂದರೆ ಅದು ಅವರ ಬಗ್ಗೆ ಕೊಟ್ಟ ತೀರ್ಪಲ್ಲ ಅಂತ ಅವರಿಗೆ ಗೊತ್ತು.

ಈ ಯೋಚನೆ ನನ್ನದಲ್ಲ. ನಾಯಕತ್ವದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಪಾಲ್ ಹರ್ಸಿ ಮತ್ತು ಕೆನ್ ಬ್ಲಾಂಚರ್ಡ್ 1969ರಲ್ಲೇ ಇದನ್ನು ಮುಂದಿಟ್ಟರು. ಕೆಲಸ ಗೊತ್ತಿಲ್ಲದವನಿಗೆ ಬಿಡಿಸಿ ಹೇಳು. ಸ್ವಲ್ಪ ಗೊತ್ತಿದ್ದವನಿಗೆ ಹೇಳು, ಯಾಕೆ ಅಂತಲೂ ವಿವರಿಸು. ಗೊತ್ತಿದ್ದೂ ಧೈರ್ಯವಿಲ್ಲದವನ ಜೊತೆ ನಿಲ್ಲು. ಗೊತ್ತೂ ಇದ್ದು ಮನಸ್ಸೂ ಇದ್ದವನಿಗೆ ಬಿಟ್ಟುಕೊಡು. ಅದರ ಸಾರ ಇಷ್ಟೇ. ಇದನ್ನು ಪೂರ್ತಿ ನಂಬಿ ಅಂತ ನಾನು ಹೇಳುವುದಿಲ್ಲ. 1987ರಲ್ಲಿ ರಾಬರ್ಟ್ ವೆಕಿಯೊ ಎಂಬವರು ಹೈಸ್ಕೂಲ್ ಶಿಕ್ಷಕರ ಮೇಲೆ ಇದನ್ನು ಪರೀಕ್ಷಿಸಿ ನೋಡಿದಾಗ, ಹೊಸದಾಗಿ ಸೇರಿದವರ ವಿಷಯದಲ್ಲಿ ಚೆನ್ನಾಗಿ ಹೊಂದಿತು, ಅನುಭವಿಗಳ ವಿಷಯದಲ್ಲಿ ಅಷ್ಟಾಗಿ ಹೊಂದಲಿಲ್ಲ. ನಾನು ಕಂಡದ್ದೂ ಹಾಗೆಯೇ. ಹೊಸಬರಿಗೆ ಬಿಡಿಸಿ ಹೇಳುವುದು ಯಾವಾಗಲೂ ಒಳ್ಳೆಯದು. ಹಳಬರ ವಿಷಯ ಮಾತ್ರ ಯಾವ ಪಟ್ಟಿಗೂ ಸಿಗುವುದಿಲ್ಲ.

ಬೈಬಲ್ ಓದುವವರಿಗೆ ಇದು ಹೊಸದೂ ಅಲ್ಲ. ಪೌಲನು ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯ, 14ನೇ ವಚನ ತೆಗೆದು ನೋಡಿ. ಅಡ್ಡಾದಿಡ್ಡಿ ನಡೆಯುವವರನ್ನು ಎಚ್ಚರಿಸಬೇಕು, ಮನಸ್ಸು ಕುಗ್ಗಿದವರಿಗೆ ಧೈರ್ಯ ಹೇಳಬೇಕು, ಬಲ ಇಲ್ಲದವರಿಗೆ ಆಸರೆಯಾಗಬೇಕು. ಮೂರು ತರದವರಿಗೆ ಮೂರು ತರದ ನಡೆ. ಸಹನೆ ಮಾತ್ರ ಎಲ್ಲರಿಗೂ ಒಂದೇ. ಇದನ್ನು ಅದಲು ಬದಲು ಮಾಡಿದರೆ ಎಷ್ಟು ಕೆಡುತ್ತದೆ ಯೋಚಿಸಿ. ಕುಗ್ಗಿದವನಿಗೆ ಎಚ್ಚರಿಕೆ ಕೊಟ್ಟರೆ ಅವನು ಇನ್ನೂ ಕುಗ್ಗುತ್ತಾನೆ. ಬೇಕಂತಲೇ ತಪ್ಪಿಸಿಕೊಳ್ಳುವವನಿಗೆ ಬರೀ ಸಾಂತ್ವನ ಹೇಳುತ್ತಾ ಕೂತರೆ ಅವನ ಕೆಲಸವೂ ಉಳಿದವರ ತಲೆಗೆ ಬೀಳುತ್ತದೆ.

ಈಗ ಆ ಇಬ್ಬರ ವಿಷಯಕ್ಕೆ ಬರುತ್ತೇನೆ, ಕುಡಿತ ಬಿಟ್ಟು ಅಲ್ಲೇ ಕೆಲಸಕ್ಕೆ ನಿಂತವರು. ನಿಮ್ಮ ಜಾಸ್ತಿ ಗಮನ ಇವರ ಮೇಲಿರಲಿ.

ನಮ್ಮ ಸಭೆಗಳಲ್ಲಿ ಒಂದು ರೂಢಿ ಇದೆ. ಒಬ್ಬ ಕುಡಿತ ಬಿಟ್ಟ. ಭಾನುವಾರ ಎದ್ದು ನಿಂತು, ದೇವರು ತನ್ನನ್ನು ಹೇಗೆ ಬದಲಾಯಿಸಿದರು ಅಂತ ಸಾಕ್ಷಿ ಹೇಳಿದ. ಎಲ್ಲರ ಕಣ್ಣಲ್ಲೂ ನೀರು. ಮುಂದಿನ ತಿಂಗಳು ಅವನ ಕೈಯಲ್ಲಿ ಕೇಂದ್ರದ ಬೀಗದ ಕೈ, ಔಷಧಿ ಬೀರು, ಹೊಸಬರ ಉಸ್ತುವಾರಿ. ಸಾಕ್ಷಿ ನಿಜವೇ ಇರಬಹುದು. ಆದರೆ ಸಾಕ್ಷಿ ಬೇರೆ, ಕೆಲಸದ ತಯಾರಿ ಬೇರೆ. ಹೊಸದಾಗಿ ನಂಬಿಕೆಗೆ ಬಂದವನನ್ನು ಮೇಲ್ವಿಚಾರಕನಾಗಿ ಮಾಡಬೇಡ ಅಂತ ಪೌಲನು ತಿಮೊಥೆಯನಿಗೆ ಬರೆದ ಮೊದಲ ಪತ್ರದ 3ನೇ ಅಧ್ಯಾಯದಲ್ಲಿ ಇದೆ. ಅವನು ಅಹಂಕಾರದಿಂದ ಉಬ್ಬಿ ಬೀಳಬಹುದು ಅನ್ನುವುದು ಅಲ್ಲಿನ ಕಾರಣ. ನಮ್ಮ ಕೆಲಸದಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. ಅವನು ದಿನಾ ಕುಡಿತದ ಕಥೆಗಳ ಮಧ್ಯೆಯೇ ಬದುಕಬೇಕು.

ಬೇರೆ ಕೆಲಸಗಳಲ್ಲಿ ಸಿಬ್ಬಂದಿ ಸಾಮಾನ್ಯವಾಗಿ ಮುಂದಕ್ಕೇ ಹೋಗುತ್ತಾರೆ, ಕಲಿತದ್ದು ಉಳಿಯುತ್ತದೆ. ಇಲ್ಲಿ ಹಾಗಲ್ಲ. ಹೋದ ತಿಂಗಳು ಪೂರ್ತಿ ಬಿಟ್ಟುಕೊಟ್ಟಿದ್ದ ಕೆಲಸದಲ್ಲಿ ಈ ತಿಂಗಳು ಪಕ್ಕದಲ್ಲಿ ನಿಲ್ಲಬೇಕಾಗಬಹುದು. ದುಗ್ಗಮ್ಮನ ಜಾತ್ರೆ ಬಂದರೆ ದಾವಣಗೆರೆಯಲ್ಲಿ ಮನೆಮನೆಗೆ ನೆಂಟರು, ಬಾಡೂಟ, ಜೊತೆಗೆ ಬಾಟಲಿ. ಯುಗಾದಿಯ ಮಾರನೇ ದಿನವೂ ಅಷ್ಟೇ, ಹೊಸ ವರ್ಷದ ರಾತ್ರಿಯೂ ಅಷ್ಟೇ. ಮನೆಯಲ್ಲಿ ಸಾವಾಗಿರಬಹುದು, ಹಳೇ ಸಾಲಗಾರ ಬಾಗಿಲಿಗೆ ಬಂದಿರಬಹುದು. ಅಂಥ ವಾರದಲ್ಲಿ ಆ ಮನುಷ್ಯನಿಗೆ ಒಂಟಿ ರಾತ್ರಿ ಪಾಳಿ ಹಾಕಬೇಡಿ. ಚೇತರಿಕೆಯಲ್ಲಿ ಇರುವವರು ತಮ್ಮನ್ನು ತಾವು ಕೇಳಿಕೊಳ್ಳುವ ನಾಲ್ಕು ವಿಷಯ ಇವೆ: ಹಸಿವು, ಕೋಪ, ಒಂಟಿತನ, ದಣಿವು. ಪಾಳಿ ಹಾಕುವ ಮುಂಚೆ ನೀವೂ ಇದನ್ನೇ ಕೇಳಿ. 'ಅಣ್ಣ, ನಿದ್ದೆ ಆಯ್ತಾ? ಊಟ ಆಯ್ತಾ? ಮನೇಲಿ ಹೇಗಿದೆ?' ಬೈಬಲ್‌ನ ಪ್ರವಾದಿ ಎಲೀಯನು ಒಂದು ಗಿಡದ ಕೆಳಗೆ ಕೂತು ಸಾಯ್ತೀನಿ ಅಂದಾಗ ದೇವರು ಮೊದಲು ರೊಟ್ಟಿ, ನೀರು, ನಿದ್ದೆ ಕೊಟ್ಟರು. 'ಇಲ್ಲಿ ಏನು ಮಾಡುತ್ತಿದ್ದೀ' ಅನ್ನುವ ಪ್ರಶ್ನೆ ಬಂದದ್ದು ಆಮೇಲೆ.

ಇನ್ನೊಂದು ಮಾತು, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನೀವು ಅವರ ಮೇಲಧಿಕಾರಿ. ಅವರ ಚೇತರಿಕೆಯ ಜೊತೆಗಾರ ಬೇರೆಯವರೇ ಆಗಿರಬೇಕು. ಸಂಬಳ ಕೊಡುವವರ ಮುಂದೆ 'ನಿನ್ನೆ ಕುಡಿಯಬೇಕು ಅನ್ನಿಸಿತು' ಅಂತ ಯಾರು ಬಾಯಿ ಬಿಡುತ್ತಾರೆ? 1935ರಲ್ಲಿ ಅಮೆರಿಕದ ಅಕ್ರನ್ ಊರಲ್ಲಿ ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಶುರು ಮಾಡಿದ, ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಈ ಗೆರೆಯನ್ನು ಚೆನ್ನಾಗಿ ಎಳೆದಿದೆ. ಒಬ್ಬ ಕುಡುಕ ಇನ್ನೊಬ್ಬನಿಗೆ ಆಸರೆಯಾಗುವ ಕೆಲಸಕ್ಕೆ ಅಲ್ಲಿ ದುಡ್ಡಿಲ್ಲ. ಕಚೇರಿ ಕೆಲಸಕ್ಕೆ ಬೇಕಾದರೆ ಸಂಬಳಕ್ಕೆ ಜನ ಇಟ್ಟುಕೊಳ್ಳಬಹುದು. ನಿಮ್ಮ ಇಬ್ಬರನ್ನೂ ವಾರಕ್ಕೊಮ್ಮೆ ಕೇಂದ್ರದ ಹೊರಗಿನ ಯಾವುದಾದರೂ ಗುಂಪಿಗೆ ಕಳಿಸಿ. ಆ ಹೊತ್ತನ್ನು ರಜೆಯಲ್ಲಿ ಹಿಡಿಯಬೇಡಿ.

ಎಂ.ಎಸ್.ಡಬ್ಲ್ಯೂ ಓದಿದ ಹುಡುಗಿ ವಿಷಯದಲ್ಲಿ ಲೆಕ್ಕ ತಿರುಗಿ ಬೀಳುತ್ತದೆ. ಐವತ್ತು ವರ್ಷದ ರೈತ ಎದುರಿಗೆ ಕೂತು 'ನೀನೇನು ಹೇಳ್ತೀಯಮ್ಮಾ ನನಗೆ' ಅಂದರೆ ಅವಳಿಗೆ ಬಾಯಿ ಕಟ್ಟುತ್ತದೆ. ಮೊದಮೊದಲು ಜೊತೆಗೆ ಕೂತುಕೊಳ್ಳಿ. ಆದರೆ ಅವಳ ಮಾತನ್ನು ನೀವು ಕಸಿದುಕೊಳ್ಳಬೇಡಿ. ಮನೆಯವರು ಬಂದಾಗ 'ಇವರು ನಮ್ಮ ಕೌನ್ಸೆಲರ್' ಅಂತ ಪರಿಚಯ ಮಾಡಿಸಿ, ಹುಡುಗಿ ಅನ್ನಬೇಡಿ. ಅವಳು ಕಾಲೇಜಿನಲ್ಲಿ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಕಲಿತಿದ್ದರೆ ಅದು ನಿಮಗೊಂದು ಆಸ್ತಿ. ವಿಲಿಯಂ ಮಿಲ್ಲರ್ 1983ರಲ್ಲಿ ಮೊದಲು ಬರೆದ ವಿಧಾನ ಅದು. ವಾದ ಮಾಡದೆ, ಉಪದೇಶ ಮಾಡದೆ, ಬಿಡಬೇಕು ಅನ್ನುವ ಕಾರಣಗಳನ್ನು ಅವನ ಬಾಯಿಂದಲೇ ಬರುವಂತೆ ಕೇಳುವುದು. ನಾವು ಸಭೆಯವರು ಉಪದೇಶಕ್ಕೆ ಬೇಗ ಇಳಿದುಬಿಡುತ್ತೇವೆ. ತಿಂಗಳಿಗೊಂದು ಮಧ್ಯಾಹ್ನ ಅವಳು ನಿಮಗೆಲ್ಲ ಅದನ್ನು ಕಲಿಸಲಿ, ನೀವೂ ನೋಟ್‌ಬುಕ್ ಹಿಡಿದು ಕೂತುಕೊಳ್ಳಿ. ಅಂದಿನಿಂದ ಅವಳ ಮಾತಿಗೆ ಬರುವ ಬೆಲೆಯೇ ಬೇರೆ.

ಅಡುಗೆಯ ಅಮ್ಮ, ಡ್ರೈವರ್ ಪ್ರಾರ್ಥನೆಗೆ ಬರುವುದಿಲ್ಲ ಅಂತ ಅವರನ್ನು ಹೊರಗಿನವರ ತರ ನೋಡಬೇಡಿ. ನಮ್ಮ ಕಡೆ ಕುಡಿತ ಬಿಡಿಸುವ ಕೆಲಸ ಸಭೆಗಳ ಆಸ್ತಿಯೇನಲ್ಲ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಅವರು ಹುಟ್ಟಿದ ಆಗಸ್ಟ್ 1ನ್ನು ವ್ಯಸನಮುಕ್ತ ದಿನವಾಗಿ ಆಚರಿಸುತ್ತಾರೆ. ಧರ್ಮಸ್ಥಳದವರ ಮದ್ಯವರ್ಜನ ಶಿಬಿರದಿಂದ ಬದುಕು ಕಟ್ಟಿಕೊಂಡ ಮನೆಗಳು ನಮ್ಮ ಹಳ್ಳಿಗಳಲ್ಲೂ ಇವೆ. ನಿಮ್ಮ ಅಡುಗೆಯ ಅಮ್ಮ ಯಾವ ನೋವಿನಿಂದ ಈ ಕೆಲಸಕ್ಕೆ ಬಂದರು ಅಂತ ಒಮ್ಮೆ ಕೇಳಿ ನೋಡಿ. ಯಾರು ಊಟ ಬಿಟ್ಟ, ಯಾರು ತಟ್ಟೆ ಮುಂದೆ ಸುಮ್ನೆ ಕೂತ ಅನ್ನುವುದು ಎಲ್ಲರಿಗಿಂತ ಮೊದಲು ಅವರಿಗೇ ಗೊತ್ತಾಗುತ್ತದೆ. ವಾರದ ಮೀಟಿಂಗ್‌ಗೆ ಅವರನ್ನೂ ಕೂರಿಸಿಕೊಳ್ಳಿ.

ಹಿರಿಯರ ವಿಷಯ ಸೂಕ್ಷ್ಮ. ಎಲ್ಲರ ಮುಂದೆ ಅವರಿಗೆ ಹೀಗೆ ಮಾಡಿ ಅಂತ ಹೇಳಿದರೆ ನಮ್ಮೂರ ಕಡೆ ಅದು ಮರೆಯುವ ಮಾತಲ್ಲ. ಮೀಟಿಂಗ್‌ಗೆ ಮುಂಚೆಯೇ ಅವರ ಹತ್ತಿರ ಹೋಗಿ, 'ಅಂಕಲ್, ಹೀಗೆ ಮಾಡೋಣ ಅಂತಿದ್ದೀನಿ, ನಿಮಗೆ ಏನನ್ನಿಸುತ್ತೆ?' ಅಂತ ಕೇಳಿ. ನಿಜವಾಗಿಯೂ ಕೇಳಿ. ಮೋಶೆ ಬೆಳಗಿಂದ ಸಂಜೆವರೆಗೆ ಒಬ್ಬನೇ ನ್ಯಾಯ ತೀರಿಸುತ್ತಾ ಕೂತಿದ್ದಾಗ, ಇದು ಸರಿಯಲ್ಲ, ಜವಾಬ್ದಾರಿ ಹಂಚು ಅಂತ ಹೇಳಿದ್ದು ಅವನ ಮಾವ ಇತ್ರೋ. ನಾಯಕನಾಗಿದ್ದ ಮೋಶೆ ಆ ಮಾತು ಕೇಳಿದ.

ಆದರೆ ಅದೇ ಹಿರಿಯರು 'ಪ್ರಾರ್ಥನೆ ಸಾಕು, ಮಾತ್ರೆ ಯಾಕೆ' ಅಂದರೆ ಅಲ್ಲಿ ಬಗ್ಗಬೇಡಿ. ವರ್ಷಗಟ್ಟಲೆ ದಿನಾ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನದ ನಡುವೆ ಇಲ್ಲದ್ದು ಕಾಣುವುದು, ಜ್ವರ, ಬಡಬಡಿಕೆ ಶುರುವಾಗಬಹುದು. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಅವನನ್ನು ಡಾಕ್ಟರ್ ನೋಡಲೇಬೇಕು. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಮೆಡಿಕಲ್ ಕಾಲೇಜು ಇದೆ. ಸಲಹೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತಕ್ಕೆ ಸಂಬಂಧಿಸಿದ ಮಾನಸಿಕ ತೊಂದರೆಗಳಿಗೂ ಅನ್ವಯಿಸುತ್ತದೆ. ಅಂಥವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಜಾಗ ನೋಂದಣಿ ಆಗಿರಬೇಕು, ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ, ಒಂಟಿ ಕೋಣೆಯಲ್ಲಿ ಕೂಡಿಹಾಕುವಂತಿಲ್ಲ. ಔಷಧಿ, ದುಡ್ಡು, ಬೀಗದ ಕೈ, ಕೈ ಎತ್ತುವುದು, ಗುಟ್ಟು ಹೊರಗೆ ಹಾಕುವುದು, ಈ ಐದರಲ್ಲಿ ಯಾರಿಗೂ ಬೇರೆ ರೀತಿ ಇಲ್ಲ. ಹಿರಿಯರಿಗೂ ಇಲ್ಲ, ನಿಮಗೂ ಇಲ್ಲ.

ಪಕ್ಷಪಾತದ ಮಾತು ಬರುವುದು ವ್ಯತ್ಯಾಸ ಗುಟ್ಟಾಗಿದ್ದಾಗ. ಅದಕ್ಕೆ ಆರೂ ಜನರನ್ನು ಕೂರಿಸಿಕೊಂಡು ಬಾಯಿಬಿಟ್ಟು ಹೇಳಿ. ಸಂಬಳದ ನಿಯಮ, ರಜೆ, ಈ ಐದು ಕಟ್ಟುಪಾಡು ಎಲ್ಲರಿಗೂ ಒಂದೇ. ನಾನು ಎಷ್ಟು ಹತ್ತಿರ ನಿಲ್ಲುತ್ತೇನೆ ಅನ್ನುವುದು ಮಾತ್ರ ಕೆಲಸದಿಂದ ಕೆಲಸಕ್ಕೆ ಬದಲಾಗುತ್ತದೆ. ಆಮೇಲೆ ಒಬ್ಬೊಬ್ಬರ ಜೊತೆ ಪ್ರತ್ಯೇಕವಾಗಿ ಕೂತು, ಅವರ ಒಂದೊಂದು ಕೆಲಸದ ಎದುರಿಗೂ 'ತೋರಿಸಬೇಕು', 'ಜೊತೆಗಿರಬೇಕು', 'ಬಿಟ್ಟುಕೊಡಬಹುದು' ಅಂತ ಬರೆಯಿರಿ. ಬರೆಯುವುದು ನೀವಿಬ್ಬರೂ ಸೇರಿ. ಬಹಳ ಜನ ತಮ್ಮ ಬಗ್ಗೆ ನಿಮಗಿಂತ ಖಡಕ್ಕಾಗಿ ಹೇಳಿಕೊಳ್ಳುತ್ತಾರೆ.

ನೀವು ಕೇಳದೇ ಇದ್ದ ಒಂದು ವಿಷಯ ಉಳಿದಿದೆ. ಆ ಇಬ್ಬರಲ್ಲಿ ಒಬ್ಬರು ಮತ್ತೆ ಕುಡಿದರೆ? ಅವತ್ತು ಯೋಚನೆ ಮಾಡಲು ಕೂತರೆ ಕೋಪವೋ ಕನಿಕರವೋ ಗೆದ್ದುಬಿಡುತ್ತದೆ. ಬೈಬಲ್‌ನಲ್ಲಿ, ಪೌಲ ಮತ್ತು ಬಾರ್ನಬರ ಸುವಾರ್ತಾ ಪ್ರಯಾಣಕ್ಕೆ ಜೊತೆಯಾಗಿದ್ದ ಮಾರ್ಕನು ಪಂಫುಲ್ಯ ಎಂಬ ಸೀಮೆಯಲ್ಲಿ ಅರ್ಧಕ್ಕೆ ಬಿಟ್ಟು ಹೋದ. ಅವನನ್ನು ಮತ್ತೆ ಕರೆದೊಯ್ಯಲು ಪೌಲ ಒಪ್ಪಲಿಲ್ಲ, ಬಾರ್ನಬ ಕರೆದುಕೊಂಡು ಹೋದ, ಇಬ್ಬರೂ ಜಗಳವಾಡಿ ಬೇರೆಯಾದರು. ವರ್ಷಗಳಾದ ಮೇಲೆ ಅದೇ ಪೌಲ, ಮಾರ್ಕನನ್ನು ಕರೆತಾ, ಅವನು ನನಗೆ ಸೇವೆಯಲ್ಲಿ ಉಪಯುಕ್ತ ಅಂತ ಬರೆದ. ಇಂಥ ಹೊತ್ತಲ್ಲಿ ಒಳ್ಳೆಯವರೇ ಎರಡು ದಿಕ್ಕಿಗೆ ಎಳೆಯುತ್ತಾರೆ. ಅದಕ್ಕೇ ಈಗಲೇ ಬರೆದಿಡಿ. ಕುಡಿದ ದಿನವೇ ಪಾಳಿಯಿಂದ ಇಳಿಸುವುದು, ಬೀಗದ ಕೈ ವಾಪಸ್ ಪಡೆಯುವುದು. ಅವತ್ತೇ ಡಾಕ್ಟರ್ ಹತ್ತಿರ ಕರೆದೊಯ್ಯುವುದು. ಚಿಕಿತ್ಸೆ ಬೇರೆ ಕೇಂದ್ರದಲ್ಲಿ ಕೊಡಿಸುವುದು, ತಾನು ನೋಡಿಕೊಂಡ ರೋಗಿಗಳ ಜೊತೆಯಲ್ಲೇ ಅವರನ್ನು ಮಲಗಿಸದೆ ಇರುವುದು. ಸಭೆಯ ಮುಂದೆ ನಿಲ್ಲಿಸಿ ತಪ್ಪೊಪ್ಪಿಗೆ ಹೇಳಿಸದೆ ಇರುವುದು. ಅಷ್ಟು ದಿನದ ಸಂಬಳ ಏನು, ವಾಪಸ್ ಬಂದರೆ ಯಾವ ಸಣ್ಣ ಕೆಲಸದಿಂದ ಶುರು, ಅದನ್ನು ಯಾರು ತೀರ್ಮಾನಿಸಬೇಕು, ಇಷ್ಟನ್ನೂ ಸೇರಿಸಿ. ಆ ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡೇ ಬರೆಯಿರಿ, ಬರೆದಾದ ಮೇಲೆ ಆರೂ ಜನರಿಗೆ ಓದಿ ಹೇಳಿ ಸಹಿ ಹಾಕಿಸಿ.