ಓದುಗರ ಪ್ರಶ್ನೆ: ಓಡುತ್ತಿರುವ ಆ್ಯಪ್‌ನ ಮೆಮೊರಿಗೆ ಕೈಹಾಕಿದರೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವರು ಕೇಳಿರುವುದು ಒಂದೇ ವಿಷಯ: ಆ್ಯಪ್ ಓಡುತ್ತಿರುವಾಗಲೇ ಮೆಮೊರಿಯಲ್ಲಿರುವ ಅಂಕಿಯನ್ನೋ ಕೋಡನ್ನೋ ತಿದ್ದುವವರನ್ನು ತಡೆಯುವುದು ಹೇಗೆ? ಹಾಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಒಂದು ಸಹಕಾರಿ ಸಂಘಕ್ಕೆ ಪಿಗ್ಮಿ ಸಂಗ್ರಹದ ಆಂಡ್ರಾಯ್ಡ್ ಆ್ಯಪ್ ಮಾಡಿಕೊಡುತ್ತಿದ್ದೇವೆ. ಏಜೆಂಟರು ಅಂಗಡಿ ಅಂಗಡಿಗೆ ಹೋಗಿ ಹಣ ಪಡೆದು ಬ್ಲೂಟೂತ್ ಪ್ರಿಂಟರಿನಲ್ಲಿ ರಶೀದಿ ಕೊಡುತ್ತಾರೆ. ಕಾಸರಗೋಡಿನ ಬೆಳ್ಳೂರು, ದೇಲಂಪಾಡಿ ಕಡೆ ಸಿಗ್ನಲ್ ಸಿಗದ ಜಾಗಗಳಿರುವುದರಿಂದ ಲೆಕ್ಕ ಸರ್ವರಿಗೆ ಹೋಗುವುದು ಸಂಜೆ. ರಶೀದಿಯಲ್ಲಿ 500 ಅಚ್ಚಾಗಿ ಸರ್ವರಿಗೆ 300 ಹೋಗುವಂತೆ ಯಾರಾದರೂ ಮಾಡಬಹುದೇ?
– ಬದಿಯಡ್ಕದ ಓದುಗರು

ಉತ್ತರ: ಮಾಡಬಹುದು. ಮಾಮೂಲಿ ಫೋನಿನಲ್ಲಿ ಒಂದು ಆ್ಯಪ್ ಇನ್ನೊಂದರ ಮೆಮೊರಿಯನ್ನು ಮುಟ್ಟಲಾಗದು. ಪ್ರತಿ ಆ್ಯಪ್‌ಗೂ ಪ್ರತ್ಯೇಕ ಲಿನಕ್ಸ್ ಯೂಸರ್ ಐಡಿ ಇರುತ್ತದೆ, ಅದರ ಮೇಲೆ ಎಸ್‌ಇಲಿನಕ್ಸ್‌ನ ಕಾವಲೂ ಇದೆ. ಆದರೆ ಫೋನು ರೂಟ್ ಆಗಿದ್ದರೆ (ಅದರ ಪೂರ್ಣ ಅಧಿಕಾರ ಬಳಸುವವರ ಕೈಗೆ ಬಂದಿದ್ದರೆ), ಆ್ಯಪ್ ಅನ್ನು ಡ್ಯುಯಲ್ ಸ್ಪೇಸ್‌ನಂಥ ಇನ್ನೊಂದು ಆ್ಯಪ್‌ನ ಒಳಗೆ ಓಡಿಸಿದರೆ, ಅಥವಾ ನಿಮ್ಮ ಎಪಿಕೆಯನ್ನು (ಆ್ಯಪ್‌ನ ಕಡತ) ಬಿಚ್ಚಿ, ಓಡುತ್ತಿರುವ ಕೋಡನ್ನು ತಿದ್ದಲು ಬಿಡುವ ಫ್ರಿಡಾ ಗ್ಯಾಜೆಟ್ ಸೇರಿಸಿ ಮತ್ತೆ ಕಟ್ಟಿದರೆ ಆ ಗೋಡೆ ಉಳಿಯುವುದಿಲ್ಲ. ಫೋನು ಯಾರ ಕೈಯಲ್ಲಿದೆಯೋ ಅವರೇ ತಿದ್ದುವವರಾಗಬಹುದು ಎಂದು ಇಟ್ಟುಕೊಂಡೇ ವಿನ್ಯಾಸ ಮಾಡಿ.

ಇಂಥ ಆ್ಯಪ್‌ಗಳಲ್ಲಿ ಮೊದಲ ತಪ್ಪು ಇರುವುದು ಮೊತ್ತವನ್ನು ಎರಡು ಸಲ ಓದುವುದರಲ್ಲಿ. ಏಜೆಂಟರು ಬರೆದ ಮೊತ್ತ ಪರದೆಯ ಒಂದು ವೇರಿಯಬಲ್‌ನಲ್ಲಿ ಕೂತಿರುತ್ತದೆ. ಪ್ರಿಂಟ್ ಮಾಡುವ ಫಂಕ್ಷನ್ ಅದನ್ನು ಒಮ್ಮೆ ಓದುತ್ತದೆ. ಪ್ರಿಂಟರು ಕಾಗದ ಹೊರಹಾಕಿದ ಮೇಲೆ ಸೇವ್ ಮಾಡುವ ಫಂಕ್ಷನ್ ಅದನ್ನೇ ಮತ್ತೊಮ್ಮೆ ಓದುತ್ತದೆ. ನಡುವಿನ ಕೆಲವು ಸೆಕೆಂಡು ಸಾಕು. ಆದ್ದರಿಂದ ‘ಸರಿ’ ಒತ್ತಿದ ಕೂಡಲೇ ಖಾತೆ ಸಂಖ್ಯೆ, ಪೈಸೆಯ ಲೆಕ್ಕದಲ್ಲಿ ಮೊತ್ತ (500 ರೂಪಾಯಿ ಎಂದರೆ 50000), ವೇಳೆ, ಒಂದೊಂದೇ ಏರುವ ಕ್ರಮಸಂಖ್ಯೆ, ಹಿಂದಿನ ದಾಖಲೆಯ ಹ್ಯಾಷ್ (ಅದರಿಂದ ಲೆಕ್ಕಹಾಕಿದ ಗುರುತು) ಇಷ್ಟನ್ನೂ ಒಂದು ದಾಖಲೆಯಾಗಿ ಕಟ್ಟಿ ಡಿಜಿಟಲ್ ಸಹಿ ಹಾಕಿ ಡೇಟಾಬೇಸಿಗೆ ಬರೆಯಿರಿ. ರಶೀದಿ ಅಚ್ಚಾಗಬೇಕಾದದ್ದು ಆ ದಾಖಲೆಯಿಂದ, ಪರದೆಯ ವೇರಿಯಬಲ್‌ನಿಂದಲ್ಲ. ತಪ್ಪು ನಮೂದಾದರೆ ಅಳಿಸುವ ಗುಂಡಿ ಕೊಡಬೇಡಿ. ರದ್ದತಿಯೂ ಹೊಸ ಕ್ರಮಸಂಖ್ಯೆಯ ಇನ್ನೊಂದು ದಾಖಲೆಯಾಗಲಿ.

ಸಹಿಗೆ ಆಂಡ್ರಾಯ್ಡ್‌ನ ಕೀ ಭಂಡಾರವಾದ ಕೀಸ್ಟೋರ್‌ನಲ್ಲಿ ಪಿ-256 ಎಂಬ ಬಗೆಯ ಕೀ ಹುಟ್ಟಿಸಿ. ಅದರ ಖಾಸಗಿ ಭಾಗ ಫೋನಿನ ಸುರಕ್ಷಿತ ವಲಯದಲ್ಲೇ ಉಳಿಯುತ್ತದೆ, ಆ್ಯಪ್‌ನ ಮೆಮೊರಿಗೆ ಬರುವುದೇ ಇಲ್ಲ. ಸಾರ್ವಜನಿಕ ಭಾಗವನ್ನು ಶಾಖೆಯಲ್ಲಿ ಏಜೆಂಟರ ಹೆಸರಿಗೆ ನೋಂದಾಯಿಸಿ. ನೋಂದಾಯಿಸುವಾಗ ಕೀ ಅಟೆಸ್ಟೇಷನ್ ಪ್ರಮಾಣಪತ್ರದ ಸರಪಣಿಯನ್ನು ಸರ್ವರಿನಲ್ಲಿ ಪರೀಕ್ಷಿಸಿ, ಕೀ ನಿಜಕ್ಕೂ ಹಾರ್ಡ್‌ವೇರಿನಲ್ಲೇ ಹುಟ್ಟಿದ್ದು ಎಂದು ಖಚಿತಪಡಿಸಿಕೊಳ್ಳಿ.

ಇಷ್ಟು ಮಾಡಿದರೂ ಒಂದು ಬಾಗಿಲು ತೆರೆದಿರುತ್ತದೆ. ಕೀಯನ್ನು ಕದಿಯಲಾಗದು, ಆದರೆ ಆ್ಯಪ್‌ನೊಳಗೆ ಹೊಕ್ಕವನು ಸುಳ್ಳು ಮೊತ್ತಕ್ಕೆ ಅದರಿಂದಲೇ ಸಹಿ ಹಾಕಿಸಬಹುದು. ಅದಕ್ಕೆ ಸಾಕ್ಷಿ ಠೇವಣಿದಾರರ ಕೈಯಲ್ಲೂ ಇರಬೇಕು. ದಾಖಲೆ ಮತ್ತು ಸಹಿಯನ್ನು ರಶೀದಿಯ ಮೇಲೆ ಕ್ಯೂಆರ್ ಆಗಿ ಅಚ್ಚು ಹಾಕಿ. ಪಿ-256 ಸಹಿ 64 ಬೈಟ್. ಬೈಟುಗಳನ್ನು ಅಕ್ಷರವಾಗಿ ಬರೆಯುವ ಬೇಸ್64ರಲ್ಲಿ 88 ಅಕ್ಷರ. ದಾಖಲೆಗೆ 40 ಅಕ್ಷರ, ಹಿಂದಿನ ಹ್ಯಾಷ್‌ನ ಮೊದಲ 16 ಅಕ್ಷರ ಸೇರಿಸಿದರೆ ಒಟ್ಟು 144. ಅಚ್ಚಿಗೆ ಕತ್ತರಿಸಿದ ಈ ರೂಪದ ಮೇಲೆಯೇ ಸಹಿ ಹಾಕಿ, ಇಲ್ಲದಿದ್ದರೆ ರಶೀದಿಯಿಂದ ಸಹಿಯನ್ನು ಪರೀಕ್ಷಿಸಲು ಬರುವುದಿಲ್ಲ. ಕ್ಯೂಆರ್‌ನ 8ನೇ ಆವೃತ್ತಿಯಲ್ಲಿ, ಎಂ ದರ್ಜೆಯ ದೋಷತಿದ್ದುಪಡಿಯೊಂದಿಗೆ 152 ಬೈಟ್ ಹಿಡಿಸುತ್ತದೆ. 58 ಮಿಲಿಮೀಟರ್ ಕಾಗದದ ಸಾಮಾನ್ಯ ಥರ್ಮಲ್ ಪ್ರಿಂಟರಿನ ಅಗಲ 384 ಚುಕ್ಕೆ. ಆ ಕ್ಯೂಆರ್‌ನ 49 ಚೌಕಗಳಿಗೆ ತಲಾ 6 ಚುಕ್ಕೆ, ಎರಡೂ ಬದಿಗೆ ನಾಲ್ಕು ನಾಲ್ಕು ಚೌಕದಷ್ಟು ಖಾಲಿ ಜಾಗ ಬಿಟ್ಟರೆ 342 ಚುಕ್ಕೆ. ಕಾಗದದಲ್ಲಿ ಸರಿಯಾಗಿ ಕೂರುತ್ತದೆ. ಈಗ 42ನೇ ಕ್ರಮಸಂಖ್ಯೆಗೆ ರಶೀದಿಯಲ್ಲಿ 500 ಇದ್ದು ಸರ್ವರಿನಲ್ಲಿ 300 ಇದ್ದರೆ, ಒಂದೇ ಸಂಖ್ಯೆಗೆ ಎರಡು ಸಹಿ ಬಿದ್ದಂತಾಯಿತು. ಅದಕ್ಕಿಂತ ದೊಡ್ಡ ಪುರಾವೆ ಬೇಡ.

ಲೆಕ್ಕ ಸರ್ವರಿಗೆ ಬಂದ ಮೇಲೆ ಠೇವಣಿದಾರರಿಗೆ ಎಸ್ಸೆಮ್ಮೆಸ್ ಹೋಗಲಿ, ಅದನ್ನು ಕಳಿಸುವುದು ಸರ್ವರ್ ಆಗಿರಲಿ. ಸಂದೇಶದ ಟೆಂಪ್ಲೇಟನ್ನು ಮೊದಲೇ ದೂರಸಂಪರ್ಕ ಕಂಪನಿಗಳ ನೋಂದಣಿ ವ್ಯವಸ್ಥೆಯಾದ ಡಿಎಲ್‌ಟಿಯಲ್ಲಿ ನೋಂದಾಯಿಸಬೇಕು. ನಮ್ಮಲ್ಲಿ ಕನ್ನಡ ಓದುವವರೂ ಮಲಯಾಳ ಓದುವವರೂ ಇರುವುದರಿಂದ ಎರಡೂ ಟೆಂಪ್ಲೇಟ್ ಇಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಸಿಕ್ಕರೆ ಈ ಲಿಪಿಗಳಲ್ಲಿ 70 ಮಾತ್ರ, ಒತ್ತಕ್ಷರ ಗುಣಿತಗಳೂ ಬೇರೆಬೇರೆ ಎಣಿಕೆಯಾಗುತ್ತವೆ. ಖಾತೆಯ ಕೊನೆಯ ನಾಲ್ಕು ಅಂಕಿ, ಮೊತ್ತ, ಬಾಕಿ, ರಶೀದಿ ಸಂಖ್ಯೆ ಇಷ್ಟೇ ಇರಲಿ.

ಪ್ರಶ್ನೆ: ಆಟ ಕಟ್ಟುವ ತಂತ್ರಾಂಶ ಯೂನಿಟಿಯಲ್ಲಿ ಕಂಬಳದ ಓಟದ ಆಟ ಮಾಡಿದ್ದೇವೆ. ಮೆಮೊರಿ ಹುಡುಕಿ ತಿದ್ದುವ ಗೇಮ್‌ಗಾರ್ಡಿಯನ್ ಹಾಕಿಕೊಂಡವರು ನಾಣ್ಯವನ್ನು ಲಕ್ಷಗಟ್ಟಲೆ ಏರಿಸಿ ಪಟ್ಟಿಯ ಮೇಲೆ ಕೂತಿದ್ದಾರೆ. ಐಎಲ್2ಸಿಪಿಪಿಗೆ ಬದಲಿಸಿದರೂ ನಿಲ್ಲಲಿಲ್ಲ. ಏಕೆ?
– ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಪೊವ್ವಲ್

ಉತ್ತರ: ಐಎಲ್2ಸಿಪಿಪಿ ನಿಮ್ಮ ಸಿ ಶಾರ್ಪ್ ಕೋಡನ್ನು ಸಿ ಪ್ಲಸ್ ಪ್ಲಸ್‌ಗೆ ತಿರುಗಿಸುತ್ತದೆ, ಅಷ್ಟೆ. ನಾಣ್ಯದ ಸಂಖ್ಯೆ ಮೆಮೊರಿಯಲ್ಲಿ ಮೊದಲಿನಂತೆಯೇ 4 ಬೈಟ್‌ನ ಪೂರ್ಣಾಂಕವಾಗಿ ಕೂತಿರುತ್ತದೆ. ಹುಡುಕುವ ಕ್ರಮವೂ ಸುಲಭ. ಪರದೆಯಲ್ಲಿ 350 ಇದ್ದಾಗ 350 ಎಂದು ಹುಡುಕಿದರೆ ಸಾವಿರಾರು ವಿಳಾಸ ಸಿಗುತ್ತವೆ. 10 ನಾಣ್ಯ ಖರ್ಚು ಮಾಡಿ, ಸಿಕ್ಕವುಗಳಲ್ಲೇ 340 ಎಂದು ಹುಡುಕಿದರೆ ಬೆರಳೆಣಿಕೆಯಷ್ಟು ಉಳಿಯುತ್ತವೆ. ಇನ್ನೊಂದೆರಡು ಸುತ್ತಿಗೆ ಒಂದೇ. ಬೇಡವಾದ ಮೆಮೊರಿಯನ್ನು ಬಿಡಿಸುವ ಯೂನಿಟಿಯ ಬೋಮ್ ಗಾರ್ಬೇಜ್ ಕಲೆಕ್ಟರ್ ವಸ್ತುಗಳನ್ನು ಸ್ಥಳಾಂತರಿಸುವುದಿಲ್ಲವಾದ್ದರಿಂದ, ಒಮ್ಮೆ ಸಿಕ್ಕ ವಿಳಾಸ ಆ ವಸ್ತು ಇರುವವರೆಗೂ ಬದಲಾಗದು.

ಇದನ್ನು ಕಷ್ಟಗೊಳಿಸಲು ಸಂಖ್ಯೆಯನ್ನು ನೇರವಾಗಿ ಇಡದೆ ಒಂದು ಯಾದೃಚ್ಛಿಕ ಕೀಯೊಂದಿಗೆ ಎಕ್ಸಾರ್ ಮಾಡಿ (ಎರಡರ ಬಿಟ್‌ಗಳನ್ನು ಹೋಲಿಸಿ, ಬೇರೆ ಇದ್ದಲ್ಲಿ 1, ಒಂದೇ ಇದ್ದಲ್ಲಿ 0) ಇಡಿ. 350ನ್ನು 1000ದೊಂದಿಗೆ ಎಕ್ಸಾರ್ ಮಾಡಿದರೆ 694. ಅದನ್ನು ಮತ್ತೆ 1000ದೊಂದಿಗೆ ಮಾಡಿದರೆ 350. ಈಗ 350 ಎಂದು ಹುಡುಕುವವನಿಗೆ ಸಿಗುವುದು ಪರದೆಯ ಅಕ್ಷರದ ಪ್ರತಿ ಮಾತ್ರ. ನಿಜವಾದ ಕೀ ಪೂರ್ತಿ 32 ಬಿಟ್‌ನದಾಗಿರಲಿ. ಇಲ್ಲಿ ಎಡವುವುದು ಎರಡು ಕಡೆ. ಕೀಯನ್ನು ಆಟ ಶುರುವಾದಾಗ ಒಮ್ಮೆ ಮಾತ್ರ ಆರಿಸಿದರೆ, ‘ಬದಲಾದದ್ದು’, ‘ಬದಲಾಗದ್ದು’ ಎಂದು ಜರಡಿ ಹಿಡಿಯುವ ಹುಡುಕಾಟಕ್ಕೆ ಸಿಕ್ಕಿಬೀಳುತ್ತದೆ. ಆದ್ದರಿಂದ ಸಂಖ್ಯೆಯನ್ನು ಬರೆದಾಗಲೆಲ್ಲ, ಅದು ಬದಲಾಗದಿದ್ದರೂ ಕೆಲವು ಸೆಕೆಂಡಿಗೊಮ್ಮೆ, ಹೊಸ ಕೀ ಹಾಕಿ. ಎರಡನೆಯದು, ಕೀಯನ್ನು ಅದೇ ಸ್ಟ್ರಕ್ಟ್‌ನಲ್ಲಿ ಪಕ್ಕದಲ್ಲೇ ಇಡುವುದು. ಕೆಲವೇ ಬೈಟ್ ದೂರದಲ್ಲಿ ಕೀ ಇರುವ ಜೋಡಿಯನ್ನೇ ಹುಡುಕುವ ಸೌಲಭ್ಯ ಈ ಸಾಧನಗಳಲ್ಲಿದೆ. ಕೀಗಳನ್ನು ಬೇರೆಯೇ ಒಂದು ಅರೇಯಲ್ಲಿಡಿ.

ಜೊತೆಗೆ ಮರೆಮಾಡದ, ನಾಣ್ಯದೊಂದಿಗೇ ಬದಲಾಗುವ ಒಂದು ನಕಲಿ ಸಂಖ್ಯೆಯನ್ನೂ ಬಿಟ್ಟಿರಿ. ಆಟ ಅದನ್ನು ಬಳಸುವುದಿಲ್ಲ. ಆದರೆ ನಿಜವಾದದ್ದಕ್ಕೂ ಅದಕ್ಕೂ ವ್ಯತ್ಯಾಸ ಬಂದರೆ ಯಾರೋ ಕೈಹಾಕಿದ್ದಾರೆ ಎಂದು ಅರ್ಥ. ಸರ್ವರಿಗೆ ಸುದ್ದಿ ಮುಟ್ಟಿಸಿ. ಇನ್ನು, ಮೆಮೊರಿಯಲ್ಲಿ ಇಷ್ಟೆಲ್ಲ ಮಾಡಿ ನಾಣ್ಯವನ್ನು ಪ್ಲೇಯರ್‌ಪ್ರೆಫ್ಸ್‌ನಲ್ಲಿ ಉಳಿಸುತ್ತಿದ್ದರೆ ಶ್ರಮ ವ್ಯರ್ಥ. ಅದು ಸಾದಾ ಎಕ್ಸ್‌ಎಂಎಲ್ ಕಡತ, ರೂಟ್ ಆದ ಫೋನಿನಲ್ಲಿ ತೆರೆದು ತಿದ್ದಬಹುದು.

ಆದರೆ ಪಟ್ಟಿ ಶುದ್ಧವಾಗುವುದು ಇದರಿಂದಲ್ಲ. ಐಎಲ್2ಸಿಪಿಪಿಯ ಮೆಟಾಡೇಟಾ ಕಡತದಲ್ಲಿ ನಿಮ್ಮ ಕ್ಲಾಸು, ಫಂಕ್ಷನ್‌ಗಳ ಹೆಸರು ಹಾಗೇ ಇರುತ್ತವೆ. ನಾಣ್ಯ ಸೇರಿಸುವ ಫಂಕ್ಷನ್ನಿಗೇ ಹುಕ್ ಹಾಕಿ (ನಡುವೆ ತಮ್ಮ ಕೋಡು ತೂರಿಸಿ) 10ರ ಬದಲು 10000 ಕೊಟ್ಟರೆ ಎಕ್ಸಾರ್ ಏನೂ ಮಾಡಲಾರದು. ಆ್ಯಪ್ ಸರ್ವರಿಗೆ ‘ನನ್ನಲ್ಲಿ ಇಷ್ಟು ನಾಣ್ಯ ಇದೆ’ ಎಂದು ಹೇಳುವ ಪದ್ಧತಿಯನ್ನೇ ತೆಗೆಯಿರಿ. ಓಟ ಶುರುವಾಗುವಾಗ ಸರ್ವರ್ ಒಂದೇ ಸಲಕ್ಕೆ ಸಲ್ಲುವ ಓಟದ ಸಂಖ್ಯೆ ಕೊಡಲಿ. ಮುಗಿದಾಗ ಆ್ಯಪ್ ಅದನ್ನೂ ಓಟದ ವಿವರವನ್ನೂ ಕಳಿಸಲಿ. ಬಹುಮಾನದ ನಾಣ್ಯವನ್ನು ಸರ್ವರೇ ತೀರ್ಮಾನಿಸಲಿ. ಗಡಿಯಾರಕ್ಕೆ ಹುಕ್ ಹಾಕಿ ವೇಗ ಹೆಚ್ಚಿಸುವವರೂ ಇಲ್ಲೇ ಸಿಕ್ಕಿಬೀಳುತ್ತಾರೆ: ಆ್ಯಪ್ ಹೇಳುವ ಓಟದ ಅವಧಿಯನ್ನು ಸರ್ವರಿನ ಗಡಿಯಾರದಲ್ಲಿ ಕಳೆದ ಸಮಯದೊಂದಿಗೆ ಹೋಲಿಸಿ, ಸರ್ವರಿನಲ್ಲಿ ಕಳೆದದ್ದಕ್ಕಿಂತ ಹೆಚ್ಚು ಹೇಳಿದರೆ ಓಟವನ್ನು ತಿರಸ್ಕರಿಸಿ.

ಪ್ರಶ್ನೆ: ಫ್ರಿಡಾ ಪತ್ತೆಯಾದರೆ ಆ್ಯಪ್ ಮುಚ್ಚಿಕೊಳ್ಳುವಂತೆ ಮಾಡಿದ್ದೆವು. ಫ್ರಿಡಾ ಬಳಸುವವರು ಆ ಪತ್ತೆಯನ್ನು ತಪ್ಪಿಸಿಕೊಂಡರು, ಏನೂ ಮಾಡದ ಕೆಲವರ ಫೋನಿನಲ್ಲಿ ಮಾತ್ರ ಆ್ಯಪ್ ಮುಚ್ಚಿಕೊಂಡಿತು.
– ಹೊಸೂರಿನ ಓದುಗರು

ಉತ್ತರ: ಎರಡಕ್ಕೂ ಕಾರಣವಿದೆ. ಫ್ರಿಡಾದ ಗುರುತುಗಳು ಎಲ್ಲರಿಗೂ ಗೊತ್ತಿರುವಂಥವು: 27042ನೇ ಪೋರ್ಟ್, ಮೆಮೊರಿ ಮ್ಯಾಪ್‌ನಲ್ಲಿ ಫ್ರಿಡಾ-ಏಜೆಂಟ್ ಎಂಬ ಹೆಸರು, ‘ಗಮ್-ಜೆಎಸ್-ಲೂಪ್’, ‘ಜಿಮೇನ್’ ಎಂಬ ಥ್ರೆಡ್‌ಗಳು. ಪೋರ್ಟ್ ಬದಲಿಸುವುದು ಒಂದು ನಿಮಿಷದ ಕೆಲಸ, ಹೆಸರು ಬದಲಿಸಿ ಕಟ್ಟಿದ ಆವೃತ್ತಿಗಳೂ ಇವೆ. ಅತ್ತ ‘ಜಿಮೇನ್’ ಬರುವುದು ಜಿಲಿಬ್ ಎಂಬ ಲೈಬ್ರರಿಯಿಂದ. ಜಿಸ್ಟ್ರೀಮರ್‌ನಂಥ ಲೈಬ್ರರಿ ಬಳಸುವ ಆ್ಯಪ್‌ನಲ್ಲೂ ಅದು ಸಹಜವಾಗಿ ಇರುತ್ತದೆ. ಆದ್ದರಿಂದ ಒಂದೇ ಗುರುತು ನೋಡಿ ತೀರ್ಪು ಕೊಡಬೇಡಿ. ಪ್ರತಿಯೊಂದಕ್ಕೂ ಅಂಕ ಕೊಟ್ಟು, ಒಟ್ಟನ್ನು ಸರ್ವರಿಗೆ ಕಳಿಸಿ, ತೀರ್ಮಾನ ಅಲ್ಲಿ ಆಗಲಿ.

ತಪ್ಪಿಸಿಕೊಳ್ಳಲು ಸುಲಭವಾದದ್ದಕ್ಕೆ ಹೆಚ್ಚಾಗಿ ಕಾರಣ, ಎಲ್ಲ ಪರೀಕ್ಷೆಯನ್ನೂ ಹೌದು ಅಥವಾ ಇಲ್ಲ ಎನ್ನುವ ಒಂದೇ ಜಾವಾ ಫಂಕ್ಷನ್ನಿಗೆ ಕಟ್ಟಿರುವುದು. ಅದಕ್ಕೊಂದು ಹುಕ್ ಹಾಕಿ ‘ಇಲ್ಲ’ ಎಂದು ಹೇಳಿಸಿದರೆ ಕತೆ ಮುಗಿಯಿತು. ಪರೀಕ್ಷೆಗಳನ್ನು ನೇಟಿವ್ (ಸಿ, ಸಿ ಪ್ಲಸ್ ಪ್ಲಸ್) ಕೋಡಿಗೆ ಒಯ್ಯಿರಿ, ಬೇರೆಬೇರೆ ಜಾಗದಲ್ಲಿ ಹರಡಿ. ಕಡತ ಓದಲು ಸಿ ಭಾಷೆಯ ಮೂಲ ಲೈಬ್ರರಿಯಾದ ಲಿಬ್‌ಸಿಯ ಓಪನ್ ಬಳಸಬೇಡಿ, ಮೊದಲು ಹುಕ್ ಬೀಳುವುದೇ ಅದಕ್ಕೆ. ಕರ್ನಲ್ಲಿಗೇ ನೇರ ಸಿಸ್ಟಂ ಕಾಲ್ ಮಾಡಿ. ಪ್ರೊಸೆಸ್ ಸ್ಟೇಟಸ್ ಕಡತದ ಟ್ರೇಸರ್‌ಪಿಡ್ ಸೊನ್ನೆಯಲ್ಲದಿದ್ದರೆ ಯಾವುದೋ ಡೀಬಗರ್ ಅಂಟಿಕೊಂಡಿದೆ.

ಇನ್ನೊಂದು ಬಲವಾದ ಪರೀಕ್ಷೆ: ನಿಮ್ಮದೇ .ಎಸ್‌ಒ (ನೇಟಿವ್ ಲೈಬ್ರರಿ) ಕಡತದ ಕೋಡ್ ಭಾಗದ ಚೆಕ್‌ಸಮ್ ಅನ್ನು ಮೆಮೊರಿಯಲ್ಲೂ ಡಿಸ್ಕಿನಲ್ಲೂ ತೆಗೆದು ಹೋಲಿಸುವುದು. ಫಂಕ್ಷನ್ನಿನ ಮೊದಲ ಸೂಚನೆಗಳನ್ನು ತಿದ್ದಿ ಹಾಕುವ ಇನ್‌ಲೈನ್ ಹುಕ್ ಇದರಲ್ಲಿ ಕಾಣುತ್ತದೆ; ಜಿಒಟಿಯ (ಹೊರಗಿನ ಫಂಕ್ಷನ್ನುಗಳ ವಿಳಾಸಪಟ್ಟಿ) ವಿಳಾಸ ಬದಲಿಸುವ ಹುಕ್ ಕಾಣುವುದಿಲ್ಲ, ಅದನ್ನು ಬೇರೆಯಾಗಿ ನೋಡಬೇಕು. ಅದೇ ಉತ್ಸಾಹದಲ್ಲಿ ಸಿಸ್ಟಂನ ಲಿಬ್‌ಸಿಯ ಕೋಡನ್ನೂ ಓದಲು ಹೋದರೆ ಅಪಾಯ: ಆಂಡ್ರಾಯ್ಡ್ 10ರಲ್ಲಿ ಸಿಸ್ಟಂ ಲೈಬ್ರರಿಗಳ ಕೋಡ್ ಭಾಗ ಓಡಿಸಲು ಮಾತ್ರ ಇದ್ದು ಓದಲು ಬರುವುದಿಲ್ಲ, ಓದಿದ ಆ್ಯಪ್ ಸಿಗ್‌ಸೆಗ್ವಿ ಎಂಬ ಮೆಮೊರಿ ದೋಷದಿಂದ ಬೀಳುತ್ತದೆ. ನಿಮ್ಮ ದೂರುಗಳು ಆ ಆವೃತ್ತಿಯ ಫೋನುಗಳಿಂದಲೇ ಬಂದಿವೆಯೇ ಎಂದು ಕ್ರ್ಯಾಷ್ ವರದಿಯಲ್ಲಿ ಮೊದಲು ನೋಡಿ.

ಪ್ರಶ್ನೆ: ಆ್ಯಪ್ ಮತ್ತು ಫೋನನ್ನು ಪರೀಕ್ಷಿಸುವ ಗೂಗಲ್‌ನ ಪ್ಲೇ ಇಂಟಿಗ್ರಿಟಿ ಒಂದಿದ್ದರೆ ಸಾಲದೇ?
– ಉಪ್ಪಳದ ಓದುಗರು

ಉತ್ತರ: ಅದು ಬೇಕು, ಅದೊಂದೇ ಸಾಲದು. ಎಪಿಕೆ ನಿಮ್ಮದೇ ಹೌದೇ, ಫೋನು ನಂಬಬಹುದಾದ ಸ್ಥಿತಿಯಲ್ಲಿದೆಯೇ ಎಂದು ಗೂಗಲ್ ಹೇಳುತ್ತದೆ. ನಿಮ್ಮ ಯಾವುದೋ ವೇರಿಯಬಲ್ ಬದಲಾಗಿದೆಯೇ ಎಂದು ಅದು ನೋಡುವುದಿಲ್ಲ. ಗೂಗಲ್‌ನ ಉತ್ತರ ಹೊತ್ತು ಬರುವ ಟೋಕನ್ನನ್ನು ಆ್ಯಪ್‌ನಲ್ಲೇ ಬಿಡಿಸಿ ನೋಡಬೇಡಿ, ಸರ್ವರಿನಲ್ಲಿ ಪರೀಕ್ಷಿಸಿ. ಕೋರಿಕೆಯ ಹ್ಯಾಷ್ ಅನ್ನು ಟೋಕನ್ನಿಗೆ ಕಟ್ಟಿ, ಇಲ್ಲದಿದ್ದರೆ ಒಳ್ಳೆಯ ಫೋನಿನಿಂದ ಪಡೆದ ಟೋಕನ್ನನ್ನು ಬೇರೆ ಕೋರಿಕೆಗೆ ಅಂಟಿಸಬಹುದು. ಆರಂಭದ ಮಿತಿ ದಿನಕ್ಕೆ 10,000 ಕೋರಿಕೆ. ಆ್ಯಪ್ ತೆರೆದಾಗಲೆಲ್ಲ ಕೇಳಬೇಡಿ; ಲಾಗಿನ್‌ಗೂ ಹಣದ ವ್ಯವಹಾರಕ್ಕೂ ಇರಲಿ.

ಪ್ರಶ್ನೆ: ಬೆರಳಚ್ಚು ಕೇಳುವ ಆ್ಯಪ್ ಅನ್ನು ಬೆರಳೇ ಇಡದೆ ತೆರೆದು ತೋರಿಸಿದರು. ಅದು ಹೇಗೆ?
– ಮಂಜೇಶ್ವರದ ಓದುಗರು

ಉತ್ತರ: ಆ ಆ್ಯಪ್ ‘ಬೆರಳಚ್ಚು ಸರಿಯಾಯಿತು’ ಎಂಬ ಕರೆ ಬಂದರೆ ಸಾಕು, ಬಾಗಿಲು ತೆರೆಯುತ್ತಿತ್ತು. ಆ ಕರೆಯನ್ನು ಫ್ರಿಡಾದಿಂದ ನೇರವಾಗಿ ಮಾಡಿಸಬಹುದು. ಬೆರಳಚ್ಚು ಇಲ್ಲದೆ ಬಳಸಲಾಗದಂತೆ ಕಟ್ಟಿದ ಕೀಯನ್ನು ಕೀಸ್ಟೋರ್‌ನಲ್ಲಿ ಹುಟ್ಟಿಸಿ, ಬೆರಳಚ್ಚು ಕೇಳುವ ಬಯೋಮೆಟ್ರಿಕ್‌ಪ್ರಾಂಪ್ಟ್‌ಗೆ ಅದನ್ನು ಕ್ರಿಪ್ಟೋಆಬ್ಜೆಕ್ಟ್ ಆಗಿ ಕೊಟ್ಟು, ಲಾಗಿನ್ ಟೋಕನ್ನನ್ನು ಆ ಕೀಯಿಂದಲೇ ಬಿಡಿಸಿ. ಆಗ ಸುಳ್ಳು ಕರೆ ಬಂದರೂ ಕೀ ಕೆಲಸ ಮಾಡದು, ಟೋಕನ್ ಗೂಢಲಿಪಿಯಾಗಿಯೇ ಉಳಿಯುತ್ತದೆ.

ಪ್ರಶ್ನೆ: ಲಾಗಿನ್ ಮುಗಿದ ಮೇಲೂ ಪಾಸ್‌ವರ್ಡ್ ಮೆಮೊರಿ ಡಂಪ್‌ನಲ್ಲಿ ಸಿಗುತ್ತದೆ. ವೇರಿಯಬಲ್‌ಗೆ ನಲ್ ಹಾಕಿದ್ದೇವೆ.
– ಕುಂಬಳೆಯ ಓದುಗರು

ಉತ್ತರ: ನಲ್ ಹಾಕಿದರೆ ಕೊಂಡಿ ಕಡಿಯುತ್ತದೆ, ಅಕ್ಷರಗಳು ಅಲ್ಲೇ ಇರುತ್ತವೆ. ಜಾವಾ, ಕೋಟ್ಲಿನ್‌ಗಳಲ್ಲಿ ಸ್ಟ್ರಿಂಗ್ ಅನ್ನು ಅಳಿಸಲು ಬರುವುದಿಲ್ಲ. ಕ್ಯಾರ್ ಅರೇ ಅಥವಾ ಬೈಟ್ ಅರೇಯಲ್ಲಿ ಹಿಡಿದು, ಕೆಲಸವಾದ ಕೂಡಲೇ ಸೊನ್ನೆ ತುಂಬಿಸಿ. ಆಂಡ್ರಾಯ್ಡ್ 8ರಿಂದ, ಆ್ಯಪ್‌ಗಳನ್ನು ಓಡಿಸುವ ಎಆರ್‌ಟಿಯ ಗಾರ್ಬೇಜ್ ಕಲೆಕ್ಟರ್ ವಸ್ತುಗಳನ್ನು ನಕಲಿಸಿ ಸ್ಥಳಾಂತರಿಸುವುದರಿಂದ ಹಳೆಯ ಜಾಗದಲ್ಲೊಂದು ಪ್ರತಿ ಉಳಿದಿರಬಹುದು. ತೀರಾ ಗುಟ್ಟಿನದನ್ನು ಡೈರೆಕ್ಟ್ ಬೈಟ್‌ಬಫರ್‌ನಲ್ಲಿಡಿ, ಅದು ಕದಲುವುದಿಲ್ಲ. ಸಿ ಕೋಡಿನಲ್ಲಾದರೆ ಫಂಕ್ಷನ್ನಿನ ಕೊನೆಯ ಮೆಮ್‌ಸೆಟ್ ಅನ್ನು ಕಂಪೈಲರ್ ಬೇಡದ ಕೆಲಸವೆಂದು ಕಿತ್ತುಹಾಕುತ್ತದೆ; ವೊಲಟೈಲ್ ಪಾಯಿಂಟರ್ ಮೂಲಕ ಬೈಟ್ ಬೈಟಾಗಿ ಸೊನ್ನೆ ಬರೆಯಿರಿ, ಆಮೇಲೆ ರಿಲೀಸ್ ಬಿಲ್ಡಿನ ಡಂಪ್ ತೆಗೆದು ಮತ್ತೆ ಹುಡುಕಿ ನೋಡಿ. ಡೀಬಗ್ ಬಿಲ್ಡಿನಲ್ಲಿ ಈ ತೊಂದರೆ ಕಾಣುವುದಿಲ್ಲ.